ಕ್ರೈಸ್ತ ಕಥೆಗಾರನ ಸಾರ್ಥಕ್ಯ

ಗ್ರಂಥರಚನೆಗೆ ತೊಡಗಿದವನು ಯಶಸ್ಸನ್ನು ಬಯಸುವುದು ಸಹಜವಾದುದು. ಬರೆದುದನ್ನು ನಾಲ್ಕು ಜನ ಓದಬೇಕು, ಓದಿದವರು ಮೆಚ್ಚಬೇಕು, ಮೆಚ್ಚಿದವರು ಕೊಳ್ಳಬೇಕು, ಆ ಹಣದಿಂದ ಮನೆಯಲ್ಲಿ ಒಲೆ ಉರಿಯಬೇಕು ಎಂಬ ಆಸೆಯಲ್ಲಿ ದೋಷವೇನೂ ಇಲ್ಲ. ಆದರೆ ಧರ್ಮಶ್ರದ್ಧೆಯಿಂದ ಪ್ರೇರಿತನಾಗಿ ಕಥೆ ಬರೆಯುವವನ ವಿಷಯದಲ್ಲಿ ಮಾತು ಇಷ್ಟಕ್ಕೇ ಮುಗಿಯುವುದಿಲ್ಲ. ಕಲೆಯು ಅವನಿಂದ ಒಳ್ಳೆಯ ಕಥೆಯನ್ನು ಅಪೇಕ್ಷಿಸುವುದು. ಶ್ರದ್ಧೆಯು ಒಳ್ಳೆಯ ಪರಿಣಾಮವನ್ನು ಅಪೇಕ್ಷಿಸುವುದು. ಪುಸ್ತಕವು ಮಾರಾಟವಾಗದಿದ್ದರೆ ಲೋಕದ ದೃಷ್ಟಿಯಲ್ಲಿ ಅವನು ಸೋತವನು; ಓದಿದವರ ಬಾಳು ತಿದ್ದದಿದ್ದರೆ ಮತಬಾಂಧವರ ದೃಷ್ಟಿಯಲ್ಲಿ ಸೋತವನು. ಹೀಗಿರುವಲ್ಲಿ ಅಂಥವನ ನಿಜವಾದ ಸಾರ್ಥಕ್ಯ ಯಾವುದು? ಅದನ್ನು ಅಳೆಯುವ ಕೋಲು ಯಾರ ಕೈಯಲ್ಲಿರುವುದು? ಕ್ರೈಸ್ತ ಕಥಾಸಾಹಿತ್ಯದಲ್ಲಿ ಈ ಪ್ರಶ್ನೆಯು ಮತ್ತೆ ಮತ್ತೆ ಎದ್ದಿರುವುದರಿಂದ, ಅದರ ಕೆಲವು ನಿದರ್ಶನಗಳನ್ನು ಹಿಡಿದು ವಿಚಾರಿಸುವುದು ಯುಕ್ತವಾಗಿದೆ.

ಮೊದಲು ನೆನಪಿಗೆ ಬರುವವನು ಜಾನ್ ಬನ್ಯನ್. ಇಂಗ್ಲೆಂಡಿನ ಬೆಡ್‌ಫರ್ಡ್ ಪ್ರಾಂತದ ಈತನು ವಿದ್ವಾಂಸನಲ್ಲ. ಒಡೆದ ಪಾತ್ರೆಗಳನ್ನು ಬೆಸೆದು ಹೊಟ್ಟೆ ಹೊರೆಯುತ್ತಿದ್ದವನು. ಅಪ್ಪಣೆಯಿಲ್ಲದೆ ಧರ್ಮೋಪದೇಶ ಮಾಡಿದನೆಂಬ ಅಪರಾಧಕ್ಕಾಗಿ 1660ರಿಂದ 1672ರವರೆಗೆ ಸೆರೆಮನೆಯಲ್ಲಿದ್ದನು. ಇನ್ನು ಉಪದೇಶ ಮಾಡುವುದಿಲ್ಲವೆಂದು ಒಂದು ಮಾತು ಕೊಟ್ಟಿದ್ದರೆ ಬಿಡುಗಡೆಯಾಗುತ್ತಿತ್ತು, ಅವನು ಕೊಡಲಿಲ್ಲ. ಕುರುಡಿಯಾದ ಮಗಳನ್ನೂ ಉಳಿದ ಸಂಸಾರವನ್ನೂ ಸಾಕುವುದಕ್ಕಾಗಿ ಸೆರೆಯೊಳಗೆ ಕುಳಿತು ಲಾಡಿಗಳಿಗೆ ಲೋಹದ ತುದಿ ಕಟ್ಟುವ ಕೆಲಸ ಮಾಡಿದನು. ಅವನ ಯಾತ್ರಿಕನ ಕಥೆಯು 1678ರಲ್ಲಿ ಅಚ್ಚಾಯಿತು; 1688ರಲ್ಲಿ ಅವನು ತೀರಿಕೊಳ್ಳುವಷ್ಟರಲ್ಲಿ 11 ಆವೃತ್ತಿಗಳನ್ನು ಕಂಡಿತು. ಮುಂದೆ ಲೋಕದ ನಾನಾ ಭಾಷೆಗಳಿಗೆ ಇಳಿಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಮಂಗಳೂರಿನ ಬಾಸೆಲ್ ಮಿಶನ್ನಿನವರು ಅದನ್ನು ‘ಯಾತ್ರಿಕನ ಸಂಚಾರ’ವೆಂಬ ಹೆಸರಿನಿಂದ ಕನ್ನಡಿಗರ ಕೈಗೂ ಇತ್ತರು.

ಈ ದೊಡ್ಡ ಜಯವು ಹಿಂದಿನಿಂದ ಬಂದ ಅನೇಕರನ್ನು ದಾರಿ ತಪ್ಪಿಸಿದೆ. ಶ್ರದ್ಧೆ ದೃಢವಾಗಿದ್ದರೆ ಕೀರ್ತಿಯೂ ಮಾರಾಟವೂ ಆತ್ಮೋದ್ಧಾರವೂ ತಾವಾಗಿಯೇ ಒದಗಿ ಬರುವುವೆಂದು ಅವರು ಎಣಿಸಿದರು. ಆದರೆ ಆ ಗ್ರಂಥವನ್ನು ಗಮನವಿಟ್ಟು ಓದುವವರಿಗೆ ಬೇರೊಂದು ಸಂಗತಿ ಕಾಣುವುದು. ಅದನ್ನು ಅಚ್ಚು ಹಾಕಿಸಬೇಕೆ, ಬೇಡವೆ ಎಂಬ ವಿಷಯದಲ್ಲಿ ಸ್ನೇಹಿತರೊಳಗೇ ಭಿನ್ನಾಭಿಪ್ರಾಯವಿತ್ತೆಂದೂ, ನೆರೆಯವರನ್ನು ಮೆಚ್ಚಿಸುವುದಕ್ಕಾಗಿ ತಾನು ಬರೆಯಲಿಲ್ಲವೆಂದೂ ಬನ್ಯನ್ನನು ಮುನ್ನುಡಿಯ ಪದ್ಯದಲ್ಲಿ ತಿಳಿಸಿರುವನು. ಅದಕ್ಕಿಂತ ಮುಖ್ಯವಾದುದು, ಅವನ ಯಾತ್ರಿಕನು ದೋಷವಿಲ್ಲದ ಮಹಾತ್ಮನಲ್ಲವೆಂಬುದು. ಅವನು ಕೆಸರಿನಲ್ಲಿ ಹೂಳುವನು. ಎಚ್ಚರವಾಗಿರಬೇಕಾದ ಕಡೆ ನಿದ್ದೆ ಹೋಗಿ ಕೈಯಲ್ಲಿದ್ದ ಓಲೆಯನ್ನು ಕಳೆದುಕೊಳ್ಳುವನು. ಸಂಶಯದ ಕೋಟೆಯಲ್ಲಿ ಸೆರೆಸಿಕ್ಕಿ ಸಾಯುವ ಯೋಚನೆಯವರೆಗೂ ಹೋಗುವನು. ದಾರಿಯಲ್ಲಿ ಸಿಕ್ಕುವ ಹಟಮಾರಿ, ಬಾಯಿಬಡುಕ, ಸಮಯಸಾಧಕ ಇವರೆಲ್ಲರೂ ಗುಣಗಳ ಹೆಸರನ್ನು ಹೊತ್ತಿದ್ದರೂ ಸಂತೆಯಲ್ಲಿ ಎದುರಾಗುವ ಜನರ ಹಾಗೆ ಮಾತನಾಡುವರು. ತನ್ನ ಪಕ್ಷದವನೆಂದು ಒಬ್ಬನನ್ನು ಹಿಗ್ಗಿಸದೆ, ಎದುರು ಪಕ್ಷದವನೆಂದು ಇನ್ನೊಬ್ಬನ ಬಾಯಿ ಕಟ್ಟದೆ ಬರೆದುದರಿಂದಲೇ ಆ ಕಥೆಯು ಅವನ ಮತವನ್ನೊಪ್ಪದವರ ಮನೆಗಳಲ್ಲಿಯೂ ಉಳಿಯಿತು.

ಮಾರಾಟವೆಂಬ ಅಳತೆ ಎಷ್ಟು ವಿಚಿತ್ರವಾದುದೆಂಬುದಕ್ಕೆ ಅಮೆರಿಕದ ಚಾರ್ಲ್ಸ್ ಶೆಲ್ಡನ್ನನು ನಿದರ್ಶನ. ಕಾನ್ಸಾಸ್ ಸಂಸ್ಥಾನದ ಟೊಪೀಕ ಪಟ್ಟಣದಲ್ಲಿ ಸಭಾಪಾಲಕನಾಗಿದ್ದ ಈತನು 1896ರಲ್ಲಿ, ಭಾನುವಾರದ ಸಂಜೆ ಸೇರುತ್ತಿದ್ದ ಸಭಿಕರಿಗೆ ಒಂದು ಕಥೆಯನ್ನು ಅಧ್ಯಾಯ ಅಧ್ಯಾಯವಾಗಿ ಓದಿ ಹೇಳಿದನು. ಒಂದು ಊರಿನ ಕೆಲವರು, ಯಾವ ಕೆಲಸಕ್ಕೆ ಕೈಹಾಕುವ ಮೊದಲೂ ಈ ಸ್ಥಳದಲ್ಲಿ ಯೇಸು ಏನು ಮಾಡುತ್ತಿದ್ದನೆಂದು ತಮ್ಮನ್ನು ತಾವೇ ಕೇಳಿಕೊಂಡು ಒಂದು ವರ್ಷ ಬಾಳುವುದೇ ಆ ಕಥೆಯ ವಸ್ತು. ಗ್ರಂಥಸ್ವಾಮ್ಯದ ದಾಖಲೆಯಲ್ಲಿ ಲೋಪವಿದ್ದುದರಿಂದ ಹಲವು ಪ್ರಕಾಶಕರು ಅದನ್ನು ತಮಗೆ ತೋಚಿದಂತೆ ಅಚ್ಚು ಹಾಕಿದರು. ಲಕ್ಷ ಲಕ್ಷ ಪ್ರತಿಗಳು ಹರಡಿದವು. ಬರೆದವನಿಗೆ ಬಂದುದು ಅತ್ಯಲ್ಪ. ಇದನ್ನು ಜಯವೆನ್ನಬೇಕೆ, ಸೋಲೆನ್ನಬೇಕೆ? ಹಣದ ಲೆಕ್ಕದಲ್ಲಿ ಸೋಲು, ಪ್ರತಿಗಳ ಲೆಕ್ಕದಲ್ಲಿ ಅಪೂರ್ವವಾದ ಜಯ. ಕಲೆಯ ಲೆಕ್ಕದಲ್ಲಿಯೋ ಎಂದರೆ, ಆ ಕಥೆಯ ಪ್ರಶ್ನೆಯು ಜನರ ನಾಲಗೆಯ ಮೇಲೆ ಉಳಿದಿರುವುದೇ ಹೊರತು ಅದರ ಪಾತ್ರಗಳಲ್ಲಿ ಒಂದರ ಮುಖವಾದರೂ ನೆನಪಿನಲ್ಲಿ ನಿಂತಿಲ್ಲ. ಒಂದೇ ಪುಸ್ತಕಕ್ಕೆ ಮೂರು ಅಳತೆಗಳು ಮೂರು ತೀರ್ಪುಗಳನ್ನು ಕೊಡುವುದಾದರೆ, ಎಣಿಕೆಯನ್ನೇ ನಂಬಿ ಕುಳಿತವನ ಗತಿಯೇನು?

ಎರಡನೆಯ ಅಳತೆ ಪರಿಣಾಮದ್ದು. ಬಾಬಾ ಪದಮನಜಿಯವರು 1831ರಲ್ಲಿ ಬೆಳಗಾವಿಯಲ್ಲಿ ಹುಟ್ಟಿದವರು. 1854ರಲ್ಲಿ ಕ್ರೈಸ್ತಮತವನ್ನು ಸ್ವೀಕರಿಸಿದವರು. ಅವರು 1857ರಲ್ಲಿ ಪ್ರಕಟಿಸಿದ ‘ಯಮುನಾಪರ್ಯಟನ’ವನ್ನು ಮರಾಠಿಯ ಮೊದಲನೆಯ ಕಾದಂಬರಿಯೆಂದು ಎಣಿಸುವವರು ಅನೇಕರು. ವಿಧವೆಯರ ಪುನರ್ವಿವಾಹಕ್ಕೆ ಕಾನೂನಿನ ಮನ್ನಣೆ ದೊರೆತುದು 1856ರಲ್ಲಿ. ಮರುವರ್ಷವೇ ಈ ಗ್ರಂಥ ಬಂದಿತು. ಗಂಡನೊಡನೆ ಊರೂರು ಸುತ್ತುವ ಯಮುನೆಯು ಹೋದಲ್ಲೆಲ್ಲ ವಿಧವೆಯರ ಗೋಳನ್ನು ಕಾಣುವಳು. ಕಡೆಗೆ ತಾನೂ ಅದೇ ಸ್ಥಿತಿಗೆ ಬಂದು, ಕ್ರೈಸ್ತಮತವನ್ನು ಸೇರಿ ಮರುಮದುವೆಯಾಗುವಳು. ಗ್ರಂಥಕರ್ತರ ಉದ್ದೇಶವು ಈ ಕೊನೆಯಲ್ಲಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಸಾಹಿತ್ಯಚರಿತ್ರೆಯು ಆ ಗ್ರಂಥವನ್ನು ನೆನೆಯುವುದು ಕೊನೆಗಾಗಿ ಅಲ್ಲ. ಕತ್ತಲೆ ಕೋಣೆಗಳಲ್ಲಿ ಕುಳಿತಿದ್ದ ಹೆಂಗಸರ ದುಃಖವನ್ನು ಅದು ಮೊಟ್ಟಮೊದಲು ಕಥೆಯ ಬೆಳಕಿಗೆ ತಂದಿತೆಂಬುದಕ್ಕಾಗಿ. ಬಿತ್ತಿದವರು ಒಂದು ಬೆಳೆಯನ್ನು ಎಣಿಸಿದರು. ನೆಲವು ಇನ್ನೊಂದನ್ನು ಕೊಟ್ಟಿತು. ಪರಿಣಾಮವು ಗ್ರಂಥಕರ್ತನ ಅಧೀನವಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ತನ್ನ ಅಧೀನದಲ್ಲಿ ಇಲ್ಲದ ವಸ್ತುವನ್ನು ತನ್ನ ಯಶಸ್ಸೆಂದು ಹೇಳಿಕೊಳ್ಳುವುದೂ, ಅದು ದೊರೆಯಲಿಲ್ಲವೆಂದು ಎದೆಗೆಡುವುದೂ ಸಮಾನವಾಗಿ ಅವಿವೇಕವೇ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ಧರ್ಮಶ್ರದ್ಧೆಯುಳ್ಳ ಲೇಖಕನಿಗೆ ಹಣದ ಆಸೆಯಿಂದ ಬರುವ ಅಪಾಯ ಅಷ್ಟು ದೊಡ್ಡದಲ್ಲ. ಅದು ಅಪಾಯವೆಂದು ಅವನಿಗೆ ಮೊದಲೇ ಗೊತ್ತಿರುವುದು. ದೊಡ್ಡ ಅಪಾಯ ಬರುವುದು ಒಳ್ಳೆಯ ಫಲದ ಆಸೆಯಿಂದ. ಅದು ಪುಣ್ಯದ ವೇಷದಲ್ಲಿ ಬರುವುದರಿಂದ ಅದಕ್ಕೆ ಯಾರೂ ಬಾಗಿಲು ಹಾಕುವುದಿಲ್ಲ. ಫಲವನ್ನು ಅವಸರದಿಂದ ಬಯಸಿದವನು ಕಥೆಯನ್ನು ಮೆಲ್ಲಮೆಲ್ಲನೆ ಬಾಗಿಸತೊಡಗುವನು. ಅನ್ಯಮತದವನನ್ನು ಮೂಢನನ್ನಾಗಿಯೋ ಕಪಟಿಯನ್ನಾಗಿಯೋ ಮಾಡುವನು. ನಾಸ್ತಿಕನ ಬಾಯಲ್ಲಿ ಸುಲಭವಾಗಿ ಸೋಲುವ ವಾದವನ್ನೇ ಇಡುವನು. ಪಶ್ಚಾತ್ತಾಪವನ್ನು ಹತ್ತು ಪುಟಗಳೊಳಗೆ ತಂದು ನಿಲ್ಲಿಸುವನು. ಮೋಶೆಯ ಹತ್ತು ಆಜ್ಞೆಗಳಲ್ಲಿ ನೆರೆಯವನ ವಿಷಯವಾಗಿ ಸುಳ್ಳುಸಾಕ್ಷಿ ನುಡಿಯಬಾರದೆಂಬುದೂ ಒಂದು. ಅದು ನ್ಯಾಯಸ್ಥಾನಕ್ಕೆ ಮಾತ್ರ ಸೇರಿದ ವಿಧಿಯೆಂದು ತಿಳಿಯುವುದು ವಾಡಿಕೆ. ಆದರೆ ಕಥೆಯೂ ಒಂದು ನ್ಯಾಯಸ್ಥಾನವೇ ಅಲ್ಲವೆ? ಅಲ್ಲಿ ಮನುಷ್ಯರು ವಾಚಕನೆದುರು ನಿಂತಿರುವರು. ಅವರ ವಿಷಯವಾಗಿ ಸಾಕ್ಷಿ ಹೇಳುವವನು ಕಥೆಗಾರನೊಬ್ಬನೇ. ಅವನು ಸತ್ಯದೇವರ ಹೆಸರಿನಲ್ಲಿ ಅಸತ್ಯವನ್ನು ನುಡಿದರೆ, ಅದರಿಂದ ಸಾವಿರ ಜನ ಮನಸ್ಸು ತಿರುಗಿಸಿಕೊಂಡರೂ ಆಜ್ಞೆ ಮುರಿದುದೇ ಸರಿ.

ರಷ್ಯದ ಟಾಲ್‌ಸ್ಟಾಯನ ಜೀವನದಲ್ಲಿ ಈ ಹೋರಾಟವು ಸ್ಪಷ್ಟವಾಗಿ ಕಾಣುವುದು. ಕಲೆಯ ಸ್ವರೂಪವನ್ನು ಕುರಿತು 1898ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಅವನು, ಮನುಷ್ಯರನ್ನು ದೇವರೊಡನೆಯೂ ತಮ್ಮತಮ್ಮೊಳಗೂ ಒಂದುಗೂಡಿಸುವ ಭಾವವನ್ನು ಹರಡದ ಕಲೆಯು ಸತ್ಕಲೆಯಲ್ಲವೆಂದು ವಿಧಿಸಿ, ಲೋಕವು ಕೊಂಡಾಡಿದ ತನ್ನ ಮಹಾಕಾದಂಬರಿಗಳನ್ನು ಬದಿಗೊತ್ತಿ, ಎರಡು ಚಿಕ್ಕ ಕಥೆಗಳನ್ನು ಮಾತ್ರ ಉಳಿಸಿಕೊಂಡನು. ಮರುವರ್ಷ ಬಂದ ‘ಪುನರುತ್ಥಾನ’ವೆಂಬ ಕಾದಂಬರಿಯ ಆದಾಯವನ್ನು, ಸೈನ್ಯಸೇವೆಯನ್ನು ನಿರಾಕರಿಸಿ ಹಿಂಸೆಗೊಳಗಾಗಿದ್ದ ದುಖೋಬೋರ್ ಪಂಥದವರಿಗೆ ಕೊಟ್ಟನು. 1899ರಲ್ಲಿ ಅವರಲ್ಲಿ 7,000ಕ್ಕೂ ಹೆಚ್ಚು ಜನ ಕೆನಡಾ ದೇಶಕ್ಕೆ ಹೋಗಿ ನೆಲೆಸುವುದಕ್ಕೆ ಆ ಹಣವೂ ನೆರವಾಯಿತು. ಪುಸ್ತಕವೊಂದರಿಂದ ಇದಕ್ಕಿಂತ ಪ್ರತ್ಯಕ್ಷವಾದ ಉಪಕಾರವನ್ನು ಕೇಳುವುದು ಕಷ್ಟ. ಆದರೂ ಆ ಕಾದಂಬರಿಯ ಜೀವವು ಬೇರೆಡೆಯಲ್ಲಿದೆ. ತಾನು ಕೆಡಿಸಿದ ಕತ್ಯೂಷಳ ಬಳಿಗೆ ನೆಖ್ಲ್ಯೂದೊವನು ಸೆರೆಮನೆಯಲ್ಲಿ ಕ್ಷಮೆ ಬೇಡಲು ಹೋದಾಗ ಅವಳು ಕರಗುವುದಿಲ್ಲ; ಮೊದಲು ಸುಖಕ್ಕಾಗಿ ತನ್ನನ್ನು ಉಪಯೋಗಿಸಿದವನು ಈಗ ಪುಣ್ಯಕ್ಕಾಗಿ ಉಪಯೋಗಿಸಲು ಬಂದಿರುವನೆಂದು ಕೆರಳುವಳು. ಪುಣ್ಯಾರ್ಥವಾಗಿಯೂ ಒಬ್ಬರನ್ನು ಸಾಧನವನ್ನಾಗಿ ಮಾಡಿಕೊಳ್ಳಬಾರದೆಂಬ ಈ ಎಚ್ಚರಿಕೆಯು ನಾಯಕನಿಗೆ ಎಷ್ಟು ಸಲ್ಲುವುದೋ ಅವನನ್ನು ಸೃಷ್ಟಿಸಿದವನಿಗೂ ಅಷ್ಟೇ ಸಲ್ಲುವುದು. ಅವಳನ್ನು ಅವಳ ಪಾಡಿಗೆ ಮಾತನಾಡಗೊಟ್ಟ ಪುಟಗಳಲ್ಲಿ ಟಾಲ್‌ಸ್ಟಾಯನು ಗೆದ್ದಿರುವನು. ಕೊನೆಯಲ್ಲಿ ನಾಯಕನು ಸುವಾರ್ತೆಯನ್ನು ತೆರೆದು ಎಲ್ಲಕ್ಕೂ ಉತ್ತರ ಕಂಡುಕೊಳ್ಳುವ ಭಾಗವು, ಆ ಗ್ರಂಥವನ್ನು ಬಹುವಾಗಿ ಮೆಚ್ಚಿದ ಚೆಕಾಫನಿಗೂ ಕಥೆಯ ಮುಕ್ತಾಯವೆಂದು ತೋರಲಿಲ್ಲ.

ಇನ್ನು ಮತಬಾಂಧವರ ಮೆಚ್ಚುಗೆಯನ್ನಾದರೂ ಅಳತೆಯೆಂದು ಹಿಡಿಯಬಹುದೆ? ಅಮೆರಿಕದ ಜಾರ್ಜಿಯಾ ಸಂಸ್ಥಾನದ ಫ್ಲಾನರಿ ಓಕಾನರ್ ದೃಢಶ್ರದ್ಧೆಯ ಕ್ಯಾಥೊಲಿಕಳು. ತಂದೆಯನ್ನು 1941ರಲ್ಲಿ ಬಲಿ ತೆಗೆದುಕೊಂಡ ಲೂಪಸ್ ಎಂಬ ವ್ಯಾಧಿಯೇ ಇಪ್ಪತ್ತೈದರ ವಯಸ್ಸಿನಲ್ಲಿ ಈಕೆಯನ್ನೂ ಹಿಡಿಯಿತು. ಮಿಲೆಜ್‌ವಿಲ್ ಊರಿನ ಸಮೀಪದ ತಾಯಿಯ ಹೊಲಮನೆಯಲ್ಲಿ ನವಿಲುಗಳನ್ನು ಸಾಕಿಕೊಂಡು, ದಿನವೂ ಬೆಳಗಿನ ಕೆಲವು ಗಂಟೆಗಳನ್ನು ಮಾತ್ರ ಬರವಣಿಗೆಗೆ ಮೀಸಲಿಟ್ಟು, 1964ರಲ್ಲಿ 39ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಉಳಿದುದು ಎರಡು ಕಾದಂಬರಿ, ಮೂವತ್ತರಷ್ಟು ಕಥೆ, ಕೆಲವು ಪ್ರಬಂಧ ಮತ್ತು ಪತ್ರಗಳು. ಆಕೆಯ ಕಥೆಗಳಲ್ಲಿ ಕೊಲೆಗಾರರು, ಕಪಟ ಬೋಧಕರು, ಅಹಂಕಾರದಿಂದ ಬೀಗುವ ಗೃಹಿಣಿಯರು ತುಂಬಿರುವರು. ದೈವಕೃಪೆಯು ಬರುವುದಾದರೂ ಸಿಡಿಲಿನಂತೆ ಬರುವುದು. ದಣಿದು ಮನೆಗೆ ಬಂದ ಓದುಗನು ಮನಸ್ಸನ್ನು ಮೇಲೆತ್ತುವ ಪುಸ್ತಕವನ್ನು ಬಯಸುವನೆಂದು ಕ್ಯಾಲಿಫೋರ್ನಿಯದ ಒಬ್ಬ ವೃದ್ಧೆ ಆಕೆಗೆ ಬರೆದಿದ್ದಳು. ಆ ಬೇಡಿಕೆಗೆ ಮಣಿದಿದ್ದರೆ ಓದುಗರು ಹೆಚ್ಚುತ್ತಿದ್ದರು. ಓಕಾನರಳು ಮಣಿಯಲಿಲ್ಲ. ಕೈಯಲ್ಲಿರುವ ಕೃತಿ ತನ್ನಷ್ಟಕ್ಕೆ ಒಳ್ಳೆಯದಾಗಬೇಕು, ಅದೇ ಲೇಖಕನ ಹೊಣೆ, ಉಳಿದುದು ದೇವರದು ಎಂಬುದು ಆಕೆಯ ನಿಲುವು. ಇನ್ನೂ ಗಮನಾರ್ಹವಾದುದೆಂದರೆ, ಆಕೆ ಬರೆದುದು ಬಹುಮಟ್ಟಿಗೆ ತನ್ನ ಮತದವರನ್ನು ಕುರಿತಲ್ಲ. ತನ್ನ ಸುತ್ತಲಿದ್ದ ಪ್ರೊಟೆಸ್ಟಂಟ್ ಹಳ್ಳಿಗರನ್ನೂ ಅವರ ಒರಟು ಬೋಧಕರನ್ನೂ ಕುರಿತು. ಅವರನ್ನು ನೋಡಿ ಆಕೆ ನಗುವಳು, ಆದರೆ ಅವರ ದೈವಚಿಂತೆಯನ್ನು ಹಗುರಾಗಿ ಕಾಣುವುದಿಲ್ಲ. ಸುಳ್ಳುಸಾಕ್ಷಿ ನುಡಿಯದಿರುವುದೆಂದರೆ ಇದೇ. ಆಕೆಯ ಸಮಗ್ರ ಕಥೆಗಳಿಗೆ ರಾಷ್ಟ್ರೀಯ ಪುಸ್ತಕ ಪ್ರಶಸ್ತಿ ಬಂದುದು 1972ರಲ್ಲಿ. ಅದನ್ನು ಕಾಣಲು ಆಕೆ ಇರಲಿಲ್ಲ. ಕಂಡಿದ್ದರೂ ಕಥೆಗಳು ಇದ್ದಂತೆಯೇ ಇರುತ್ತಿದ್ದವು.

ಇದಕ್ಕೆ ಒಂದು ಆಕ್ಷೇಪವುಂಟು. ಮಾರಾಟವೂ ಬೇಡ, ಪರಿಣಾಮವೂ ಬೇಡ, ಮೆಚ್ಚುಗೆಯೂ ಬೇಡವೆಂದ ಮೇಲೆ, ಯಾರೂ ಓದದ ಕೆಟ್ಟ ಗ್ರಂಥವನ್ನು ಬರೆದವನೂ ತಾನು ಸಾರ್ಥಕನೆಂದು ಹೇಳಿಕೊಳ್ಳಬಹುದಲ್ಲ ಎಂದು ಕೆಲವರು ಕೇಳಬಹುದು. ಸೋಮಾರಿಗೆ ಇದಕ್ಕಿಂತ ಮೆತ್ತನೆಯ ಹಾಸಿಗೆ ಬೇರೆ ಯಾವುದು? ಈ ಆಕ್ಷೇಪಕ್ಕೆ ಉತ್ತರವು ಸುವಾರ್ತೆಯ ತಲಾಂತುಗಳ ಸಾಮ್ಯದಲ್ಲಿಯೇ ಇದೆ. ಯಜಮಾನನು ಒಬ್ಬ ಆಳಿಗೆ ಐದು ತಲಾಂತುಗಳನ್ನೂ, ಇನ್ನೊಬ್ಬನಿಗೆ ಎರಡನ್ನೂ, ಮತ್ತೊಬ್ಬನಿಗೆ ಒಂದನ್ನೂ ಒಪ್ಪಿಸಿ ಪರದೇಶಕ್ಕೆ ಹೋದನು. ಮರಳಿ ಬಂದಾಗ ಐದನ್ನು ಹತ್ತು ಮಾಡಿದವನಿಗೂ ಎರಡನ್ನು ನಾಲ್ಕು ಮಾಡಿದವನಿಗೂ ಅವನು ಆಡಿದ ಮೆಚ್ಚುಗೆಯ ಮಾತು ಒಂದೇ. ಹತ್ತು ತಂದವನಿಗೆ ಒಂದು ಪದ ಹೆಚ್ಚಿಲ್ಲ, ನಾಲ್ಕು ತಂದವನಿಗೆ ಒಂದು ಪದ ಕಡಮೆಯಿಲ್ಲ. ಅವನು ನೋಡಿದುದು ಮೊತ್ತವನ್ನಲ್ಲ, ನಂಬಿಕೆಯನ್ನು. ಆದರೆ ಒಂದು ತಲಾಂತನ್ನು ಮಣ್ಣಿನಲ್ಲಿ ಹೂತಿಟ್ಟವನನ್ನು ಹೊರಗಟ್ಟಿದನು. ಆದುದರಿಂದ ಫಲದ ಲೆಕ್ಕವನ್ನು ಬಿಡುವುದೆಂದರೆ ದುಡಿಮೆಯನ್ನು ಬಿಡುವುದಲ್ಲ. ಒಂದು ವಾಕ್ಯವನ್ನು ಹತ್ತು ಬಾರಿ ತಿದ್ದುವುದು, ಅರಿಯದ ಬಾಳನ್ನು ಅರಿಯುವವರೆಗೆ ಲೇಖನಿಯನ್ನು ತಡೆಹಿಡಿಯುವುದು, ತನಗೆ ಒಪ್ಪದವನ ವಾದವನ್ನು ಅವನೇ ತಲೆದೂಗುವಂತೆ ಬರೆಯುವುದು, ಇವೆಲ್ಲ ಆ ದುಡಿಮೆಗೆ ಸೇರಿದುವು. ಓದುಗರಿಲ್ಲದಿರುವುದು ಗುಣಕ್ಕೆ ಸಾಕ್ಷಿಯಲ್ಲ; ಓದುಗರು ಕಿಕ್ಕಿರಿದಿರುವುದು ದೋಷಕ್ಕೂ ಸಾಕ್ಷಿಯಲ್ಲ.

ಈ ವಿಚಾರವು ಕ್ರೈಸ್ತ ಲೇಖಕನೊಬ್ಬನಿಗೇ ಮೀಸಲೆಂದು ತಿಳಿಯಬೇಕಾದುದಿಲ್ಲ. ಯಾವುದೊಂದು ಮತಕ್ಕೋ ತತ್ತ್ವಕ್ಕೋ ದೇಶಹಿತಕ್ಕೋ ಲೇಖನಿಯನ್ನು ಮುಡಿಪಾಗಿಟ್ಟವರೆಲ್ಲರೂ ಇದೇ ಕವಲುದಾರಿಗೆ ಬಂದು ನಿಲ್ಲುವರು. ಪ್ರತಿಗಳ ಸಂಖ್ಯೆಯನ್ನು ಅಂಗಡಿಯವನು ಎಣಿಸಲಿ. ಮನಸ್ಸುಗಳು ತಿರುಗಿದವೋ ಇಲ್ಲವೋ ಎಂಬುದನ್ನು ಮನಸ್ಸುಗಳನ್ನು ಬಲ್ಲವನು ಎಣಿಸಲಿ. ಕಥೆಗಾರನು ತನ್ನನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಕಥೆಯಲ್ಲಿ ಬಂದವರು ನಾಳೆ ಎದ್ದು ಬಂದು ಎದುರು ನಿಂತರೆ, ನಮ್ಮನ್ನು ಕುರಿತು ನೀನು ಹೇಳಿದುದು ನಿಜ ಎಂದು ಒಪ್ಪುವರೆ? ಒಪ್ಪುವರಾದರೆ, ಪುಸ್ತಕವು ಅಟ್ಟದ ಮೇಲೆ ಧೂಳು ಹಿಡಿದು ಬಿದ್ದಿದ್ದರೂ ಅವನ ಕೆಲಸವು ನೆರವೇರಿತು. ಒಪ್ಪದಿದ್ದರೆ, ಊರೆಲ್ಲ ಹೊಗಳಿದರೂ ಅವನು ಮತ್ತೆ ಬರೆಯಲು ಕುಳಿತುಕೊಳ್ಳಬೇಕಾದುದೇ.