ಯಾರ ಜೀವಮಾನ?

2016ರಲ್ಲಿ ಅಮೆರಿಕದ ಬಾಸ್ಟನ್ ನಗರದ ಕೇಕ್‌ವಾಕ್ ಎಂಬ ಸಂಸ್ಥೆ ತನ್ನ ಗ್ರಾಹಕರಿಗೆ ಒಂದು ಮಾತು ಕೊಟ್ಟಿತು. ಸಂಗೀತವನ್ನು ಧ್ವನಿಮುದ್ರಿಸಿ, ತಿದ್ದಿ, ಹದಗೊಳಿಸುವ 'ಸೋನಾರ್ ಪ್ಲಾಟಿನಂ' ಎಂಬ ತಂತ್ರಾಂಶವನ್ನು ಈಗ ಕೊಂಡವರಿಗೆ ಮುಂದಿನ ಪರಿಷ್ಕರಣೆಗಳೆಲ್ಲ ಜೀವಮಾನಪರ್ಯಂತ ಉಚಿತ ಎಂಬುದೇ ಆ ಮಾತು. ಮರುವರ್ಷ, 2017ರ ನವೆಂಬರ್‌ನಲ್ಲಿ, ಅದರ ಒಡೆತನ ಹೊಂದಿದ್ದ ಗಿಬ್ಸನ್ ಕಂಪನಿಯು (ಗಿಟಾರಿಗೆ ಹೆಸರಾದ ಗಿಬ್ಸನ್ನೇ) ಕೇಕ್‌ವಾಕ್ ಉತ್ಪನ್ನಗಳ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಪ್ರಕಟಿಸಿತು. ಎರಡು ವರ್ಷ ತುಂಬುವ ಮುನ್ನವೇ ಜೀವಮಾನ ಮುಗಿದಿತ್ತು.

ಜೀವಮಾನವೆಂದರೆ ಕೊಂಡವನ ಜೀವಮಾನವಲ್ಲ, ಸರಕಿನ ಜೀವಮಾನ ಎಂದು ಕಾನೂನು ಬಲ್ಲವರು ವಾದಿಸಬಹುದು. ಆ ವಾದ ನ್ಯಾಯಾಲಯದಲ್ಲಿ ನಿಂತೀತು. ಆದರೆ ಹಣ ಕೊಡುವ ಗಳಿಗೆಯಲ್ಲಿ ಕೊಳ್ಳುವವನ ಮನಸ್ಸಿನಲ್ಲಿ ಆ ಪದಕ್ಕೆ ಯಾವ ಅರ್ಥವಿರುತ್ತದೆಂದು ಮಾರುವವನಿಗೆ ಚೆನ್ನಾಗಿ ಗೊತ್ತಿರುತ್ತದೆ. ಗೊತ್ತಿರುವುದರಿಂದಲೇ ಆ ಪದವನ್ನು ಆರಿಸಿಕೊಳ್ಳುತ್ತಾನೆ. ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿ.

ಇದು ನಮಗೆ ಸಂಬಂಧಿಸಿದ ವಿಷಯವಲ್ಲವೆಂದು ಓದುಗರು ಭಾವಿಸಬೇಕಾಗಿಲ್ಲ. ಹಿಂದೆ ಸ್ಟುಡಿಯೋಗಳಲ್ಲಿ ಮಾತ್ರ ಆಗುತ್ತಿದ್ದ ಕೆಲಸವನ್ನು ಇಂದು ನಮ್ಮ ಗಾನವೃಂದಗಳ ಯುವಕ ಯುವತಿಯರು ಮನೆಯ ಮೂಲೆಯಲ್ಲಿ, ಒಂದು ಗಣಕಯಂತ್ರದ ಮುಂದೆ ಕುಳಿತು ಮಾಡುತ್ತಾರೆ. ಅವರ ಸಿಡುಕಿಗೆ ಕಾರಣವೇನೆಂದು ಹೆತ್ತವರಿಗೆ ತಿಳಿದಿರುವುದಿಲ್ಲ. ಸಿ.ಡಿ. ಗುಣಮಟ್ಟದ ಧ್ವನಿಗೆ ಗಣಕವು ಪ್ರತಿ ಸೆಕೆಂಡಿಗೆ 44,100 ಮಾದರಿಗಳನ್ನು ಲೆಕ್ಕ ಹಾಕಬೇಕು. ಅವನ್ನು 256ರ ಕಂತುಗಳಾಗಿ ಕಳುಹಿಸಿದರೆ ಒಂದೊಂದು ಕಂತಿಗೂ ದೊರೆಯುವ ಸಮಯ ಸುಮಾರು 5.8 ಮಿಲಿಸೆಕೆಂಡ್. ಅಷ್ಟರೊಳಗೆ ಎಲ್ಲ ವಾದ್ಯಗಳ, ಎಲ್ಲ ಕಂಠಗಳ ಲೆಕ್ಕ ಮುಗಿಯದಿದ್ದರೆ ಹಾಡಿನ ನಡುವೆ 'ಟಪ್' ಎಂಬ ಸದ್ದು. ಕಂತನ್ನು ದೊಡ್ಡದು ಮಾಡಿದರೆ ಸದ್ದು ನಿಲ್ಲುತ್ತದೆ ನಿಜ, ಆದರೆ ಹಾಡುವವಳಿಗೆ ತನ್ನ ದನಿ ತಡವಾಗಿ ಕಿವಿಗೆ ಬೀಳುತ್ತದೆ, ತಾಳ ತಪ್ಪುತ್ತದೆ. ಹೊಸ ಆವೃತ್ತಿ ಹಳೆಯದಕ್ಕಿಂತ ಭಾರವಾಗಿದ್ದರೆ ನಿನ್ನೆ ಸಲೀಸಾಗಿ ನುಡಿದ ಹಾಡು ಅದೇ ಯಂತ್ರದಲ್ಲಿ ಇಂದು ತಡವರಿಸುತ್ತದೆ. ಹಾಗೆ ತಡವರಿಸುವುದಕ್ಕೂ ಹಣ ತೆತ್ತಿರುತ್ತಾರೆ!

ದೋಷವಿಲ್ಲದ ತಂತ್ರಾಂಶವನ್ನು ಬರೆಯುವುದು ಮನುಷ್ಯಮಾತ್ರರಿಗೆ ಅಸಾಧ್ಯ. ಅದನ್ನು ಯಾರೂ ಕೇಳಬಾರದು. ಆದರೆ ತಿಳಿಯದೆ ಉಳಿದ ದೋಷ ಬೇರೆ, ತಿಳಿದೂ ಮಾರಿದ ದೋಷ ಬೇರೆ. ಈ ವ್ಯತ್ಯಾಸ ಹಳೆಯದು. ರೋಮ್‌ನ ಸಿಸೆರೊ ಕ್ರಿಸ್ತಪೂರ್ವ 44ರಲ್ಲಿ ಕರ್ತವ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಒಬ್ಬ ಧಾನ್ಯದ ವ್ಯಾಪಾರಿಯ ಪ್ರಸಂಗವಿದೆ. ರೋಡ್ಸ್ ದ್ವೀಪದಲ್ಲಿ ಬರ. ವ್ಯಾಪಾರಿ ಅಲೆಕ್ಸಾಂಡ್ರಿಯಾದಿಂದ ಧಾನ್ಯ ತರುತ್ತಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ಅವನು ಕಂಡಿದ್ದಾನೆ. ಅದನ್ನು ಹೇಳಬೇಕೇ, ಬಾಯಿ ಮುಚ್ಚಿಕೊಂಡು ಹೆಚ್ಚಿನ ಬೆಲೆಗೆ ಮಾರಬಹುದೇ? ಮುಚ್ಚಿಡಬಾರದೆಂಬುದು ಸಿಸೆರೊನ ತೀರ್ಪು. ಹದಿಮೂರನೆಯ ಶತಮಾನದ ಸಂತ ತೋಮಸ್ ಅಕ್ವಿನಾಸರು ಇದೇ ಪ್ರಸಂಗವನ್ನು ಎತ್ತಿಕೊಂಡು ಸ್ವಲ್ಪ ಬೇರೆ ಮಾತು ಹೇಳುತ್ತಾರೆ: ಹೇಳದಿದ್ದರೆ ಕಟ್ಟುನಿಟ್ಟಾದ ನ್ಯಾಯಕ್ಕೆ ಭಂಗವಿಲ್ಲ, ಹೇಳುವುದು ಹೆಚ್ಚಿನ ಸದ್ಗುಣ. ಆದರೆ ಸರಕಿನಲ್ಲೇ ನಷ್ಟ ಅಥವಾ ಅಪಾಯ ತರುವಂಥ ಗುಪ್ತ ದೋಷವಿದ್ದರೆ ಅವರ ಮಾತಿನಲ್ಲಿ ಸಡಿಲಿಕೆ ಇಲ್ಲ; ಮಾರುವವನು ಅದನ್ನು ತಿಳಿಸಲೇಬೇಕು.

ಮುಂದಿನ ತಿಂಗಳು ಹೊಸ ಆವೃತ್ತಿ ಬರುವುದೆಂದು ತಿಳಿದೂ ಇಂದು ಹಳೆಯದನ್ನು ಪೂರ್ಣ ಬೆಲೆಗೆ ಮಾರುವ ಸಂಸ್ಥೆ ರೋಡ್ಸ್‌ನ ವ್ಯಾಪಾರಿಯಂತೆಯೇ. ಬಿಡುಗಡೆಗೆ ಸ್ವಲ್ಪ ಮೊದಲು ಕೊಂಡವರಿಗೆ ಹೊಸದನ್ನು ಉಚಿತವಾಗಿ ಕೊಡುವ ಪದ್ಧತಿ ಕೆಲವು ಸಂಸ್ಥೆಗಳಲ್ಲಿದೆ. ಅದು ಸಿಸೆರೊನನ್ನೂ ಒಪ್ಪಿಸೀತು. ಆದರೆ ಹಾಡಿನ ಕಡತವನ್ನು ಕೆಡಿಸುವ ದೋಷವೊಂದು ತನ್ನ ಪಟ್ಟಿಯಲ್ಲಿ ದಾಖಲಾಗಿರುವಾಗ ಮೌನವಾಗಿ ಮಾರುವುದನ್ನು ಇಬ್ಬರೂ ಒಪ್ಪಲಾರರು.

ಹಣ ಕೊಟ್ಟು ಪಡೆಯುವ ಪರಿಷ್ಕರಣೆಯ ಪ್ರಶ್ನೆ ಇನ್ನೂ ಜಟಿಲ. ಹೊಲಿಸಿದ ವಾರದಲ್ಲೇ ಅಂಗಿಯ ಹೊಲಿಗೆ ಬಿಟ್ಟರೆ ದರ್ಜಿ ಪುಕ್ಕಟೆಯಾಗಿ ಹಾಕಿಕೊಡುತ್ತಾನೆ. ಹೊಸ ಜೇಬು ಬೇಕೆಂದರೆ ಕೂಲಿ ಕೇಳುತ್ತಾನೆ. ಎರಡೂ ಸರಿ. ಜೇಬು ಇಡಿಸಿಕೊಂಡರೆ ಮಾತ್ರ ಹೊಲಿಗೆ ಹಾಕುವೆನೆಂದರೆ? ಹಳೆಯ ಆವೃತ್ತಿಯ ದೋಷಕ್ಕೆ ಪರಿಹಾರವನ್ನು ಹೊಸ ಆವೃತ್ತಿಯ ಬೆಡಗಿನೊಳಗೆ ಸುತ್ತಿ ಮಾರುವುದು ಇಂಥದೇ ವ್ಯವಹಾರವೆಂದು ನನ್ನ ಅಭಿಪ್ರಾಯ.

ಆದರೆ ದರ್ಜಿಯ ಹೋಲಿಕೆ ಎಲ್ಲ ಕಡೆಗೂ ಹೊಂದುವುದಿಲ್ಲ. ಅಂಗಿ ತೊಡುವವನ ಮೈ ರಾತ್ರೋರಾತ್ರಿ ಬದಲಾಗದು. ತಂತ್ರಾಂಶ ನಿಂತಿರುವ ನೆಲ ಬದಲಾಗುತ್ತದೆ. 2019ರಲ್ಲಿ ಆಪಲ್ ಕಂಪನಿ ತನ್ನ 'ಕ್ಯಾಟಲಿನಾ' ವ್ಯವಸ್ಥೆಯಲ್ಲಿ 32 ಬಿಟ್‌ನ ಹಳೆಯ ತಂತ್ರಾಂಶಗಳಿಗೆ ಬಾಗಿಲು ಮುಚ್ಚಿತು. ಯಾವ ದೋಷವೂ ಇಲ್ಲದೆ ಓಡುತ್ತಿದ್ದವೂ ಅಲ್ಲಿ ನಿಂತವು. ಅವನ್ನು ಹೊಸ ನೆಲಕ್ಕೆ ಹೊಂದಿಸುವುದು ನಿಜವಾದ ದುಡಿಮೆ, ಮಾಡುವವರಿಗೂ ಮನೆ ಮಕ್ಕಳಿದ್ದಾರೆ. ಒಮ್ಮೆ ಕೊಂಡೆ, ಇನ್ನು ಕೊನೆಯವರೆಗೂ ದುಡಿಯಿರಿ ಎಂಬ ಹಟದಲ್ಲಿಯೂ ನ್ಯಾಯವಿಲ್ಲ. ಬೆಲ್ಜಿಯಂನ 'ಎಫ್‌ಎಲ್ ಸ್ಟುಡಿಯೋ' ಒಮ್ಮೆ ಕೊಂಡವರಿಗೆ ಮುಂದಿನ ಆವೃತ್ತಿಗಳನ್ನೂ ಕೊಡುತ್ತ ಬಂದಿದೆ. 'ರೀಪರ್' ತನ್ನ ಪರವಾನಗಿ ಯಾವ ಆವೃತ್ತಿಯವರೆಗೆ ಸಲ್ಲುತ್ತದೆಂದು ಮೊದಲೇ ಹೇಳುತ್ತದೆ. ಎರಡನೆಯದು ಕಡಿಮೆ ಕೊಡುತ್ತದೆ, ಆದರೂ ಅದರಲ್ಲಿ ಮೋಸವಿಲ್ಲ. ಬಾಡಿಗೆಯೂ ತನ್ನಷ್ಟಕ್ಕೆ ಪಾಪವಲ್ಲ. ಆದರೆ 2023ರ ಮಾರ್ಚ್‌ನಲ್ಲಿ ಇಸ್ರೇಲ್‌ನ ವೇವ್ಸ್ ಸಂಸ್ಥೆ ಶಾಶ್ವತ ಪರವಾನಗಿಗಳ ಮಾರಾಟವನ್ನು ನಿಲ್ಲಿಸಿ ಎಲ್ಲವನ್ನೂ ಬಾಡಿಗೆಗೆ ಒಳಪಡಿಸಲು ಹೊರಟಾಗ ಗ್ರಾಹಕರು ಕೆರಳಿದರು. ಕೆಲವೇ ದಿನಗಳಲ್ಲಿ ಸಂಸ್ಥೆ ಹಿಂದೆ ಸರಿಯಿತು.

ಅಷ್ಟೊಂದು ಸಿಟ್ಟೇಕೆ? ಹಣದ ಮಾತಷ್ಟೇ ಆಗಿದ್ದರೆ ಗೊಣಗಿ ಸುಮ್ಮನಾಗುತ್ತಿದ್ದರು. ಆ ಕಡತಗಳೊಳಗೆ ಅವರ ಹಾಡುಗಳಿವೆ. ತೀರಿಕೊಂಡ ತಂದೆ ಹಾಡಿದ ದನಿ ಅಲ್ಲಿರಬಹುದು. ಹಳೆಯ ಹಾರ್ಮೋನಿಯಂ ಕೆಟ್ಟರೆ ಬಲ್ಲವರೊಬ್ಬರು ಬಿಚ್ಚಿ ರಿಪೇರಿ ಮಾಡಿಯಾರು. ಮುಚ್ಚಿದ ತಂತ್ರಾಂಶವನ್ನು ಬಿಚ್ಚಲು ಮಾಡಿದವನ ಹೊರತು ಬೇರೆ ಯಾರಿಗೂ ಸಾಧ್ಯವಿಲ್ಲ. ಬೇರೆ ದಾರಿಯಿಲ್ಲದವರಿಗೆ ಮಾರುವವನ ಹೊಣೆ ಮಾಮೂಲಿ ವ್ಯಾಪಾರಿಯ ಹೊಣೆಗಿಂತ ಭಾರವೆಂದು ನಾನು ನಂಬುತ್ತೇನೆ. ಕದ್ದ ಪ್ರತಿ ಬಳಸುವವರು ಈ ಸಿಟ್ಟನ್ನೇ ನೆಪ ಮಾಡಿಕೊಳ್ಳುತ್ತಾರೆ. ಅವರಲ್ಲಿ ಹೆಚ್ಚಿನವರಿಗೆ ಸಂಸ್ಥೆಯಿಂದ ಅನ್ಯಾಯವಾಗುವ ಸಂದರ್ಭವೇ ಬಂದಿರುವುದಿಲ್ಲ.

ಸೋನಾರ್ ಕಥೆ ಅಲ್ಲಿಗೇ ಮುಗಿಯಲಿಲ್ಲ. 2018ರ ಫೆಬ್ರವರಿಯಲ್ಲಿ ಸಿಂಗಪುರದ ಬ್ಯಾಂಡ್‌ಲ್ಯಾಬ್ ಸಂಸ್ಥೆ ಅದನ್ನು ಕೊಂಡು, ಏಪ್ರಿಲ್‌ನಲ್ಲಿ ಹೊಸ ಹೆಸರಿನಿಂದ ಎಲ್ಲರಿಗೂ ಉಚಿತವಾಗಿ ಬಿಟ್ಟಿತು. ಜೀವಮಾನಕ್ಕೆಂದು ಹಣ ಕಟ್ಟಿದವನಿಗೂ ಬಿಡಿಗಾಸು ಕೊಡದವನಿಗೂ ಒಂದೇ ಪಾಲು. ದ್ರಾಕ್ಷಿತೋಟದ ಕೂಲಿಯಾಳುಗಳು ನೆನಪಾಗುತ್ತಾರೆ. ಆದರೆ ಅಲ್ಲಿ ಯಜಮಾನ ಒಪ್ಪಿದ ಕೂಲಿಯನ್ನು ತಾನೇ ಪೂರ್ತಿ ಕೊಟ್ಟಿದ್ದ; ಇಲ್ಲಿ ಮಾತು ಕೊಟ್ಟವನು ಒಬ್ಬ, ಕೈಯೆತ್ತಿ ಕೊಟ್ಟವನು ಇನ್ನೊಬ್ಬ. ಅನುಭವಸ್ಥರು ಈಗ ಪ್ರತಿಯೊಂದು ಹಾಡು ಮುಗಿದೊಡನೆ ಒಂದೊಂದು ಕಂಠ, ಒಂದೊಂದು ವಾದ್ಯವನ್ನೂ ಬೇರೆ ಬೇರೆ 'ವೇವ್' ಕಡತಗಳಾಗಿ ತೆಗೆದಿಡುತ್ತಾರೆ. 1991ರಲ್ಲಿ ರೂಪುಗೊಂಡ ಆ ಸರಳ ಮಾದರಿ ಇಂದಿಗೂ ಯಾರ ಅಪ್ಪಣೆಯನ್ನೂ ಕೇಳದೆ ತೆರೆದುಕೊಳ್ಳುತ್ತದೆ.