ಒಂಟಿಕಾಲಿನ ತಪಸ್ಸು: ದೇಹಸ್ಥೈರ್ಯದ ಬೆಲೆ ಮತ್ತು ಮಿತಿ

ಭಾರತದ ಸಾಧನಾಪರಂಪರೆಗಳು ತಮ್ಮ ತತ್ತ್ವಗಳಲ್ಲಿ ಎಷ್ಟೇ ಭಿನ್ನವಾಗಿದ್ದರೂ ಸಾಧಕನ ದೇಹದಿಂದ ಬಹುಮಟ್ಟಿಗೆ ಎರಡು ಸಂಗತಿಗಳನ್ನು ಅಪೇಕ್ಷಿಸುತ್ತವೆ: ಒಂದು, ಅಲುಗಾಡದೆ ನಿಲ್ಲುವ ಅಥವಾ ಕೂರುವ ಸ್ಥೈರ್ಯ, ಇನ್ನೊಂದು, ಜನಸಂಪರ್ಕದಿಂದ ದೂರವಾದ ಏಕಾಂತವಾಸ. ಭಗವದ್ಗೀತೆಯ ಆರನೆಯ ಅಧ್ಯಾಯವು ಯೋಗಿಯು ಒಬ್ಬನೇ ಶುಚಿಯಾದ ಸ್ಥಳದಲ್ಲಿ, ಅತಿ ಎತ್ತರವೂ ಅತಿ ತಗ್ಗೂ ಅಲ್ಲದ ಆಸನದ ಮೇಲೆ, ಮುಂಡ, ತಲೆ, ಕತ್ತುಗಳನ್ನು ನೆಟ್ಟಗಿರಿಸಿ ಕೂರಬೇಕೆನ್ನುತ್ತದೆ. ಹಠಯೋಗಪ್ರದೀಪಿಕೆಯು ಸಾಧಕನು ನಿರುಪದ್ರವವಾದ ನಾಡಿನಲ್ಲಿ ಸಣ್ಣದೊಂದು ಮಠದೊಳಗೆ ಏಕಾಂತವಾಗಿರಬೇಕೆಂದು ವಿಧಿಸುತ್ತದೆ. ಈ ಎರಡು ಅಭ್ಯಾಸಗಳಿಗೂ ಮನುಷ್ಯದೇಹ ಕಾಲಕ್ರಮದಲ್ಲಿ ಒಗ್ಗಿಕೊಳ್ಳುತ್ತದೆ ಎಂಬುದು ನಿರ್ವಿವಾದ. ಆದರೆ ಹಾಗೆ ಒಗ್ಗಿಕೊಂಡ ದೇಹವು ಆಧ್ಯಾತ್ಮಿಕ ಸಿದ್ಧಿಯ ಗುರುತೋ, ಅಥವಾ ದೇಹದ ಸಹಜ ಗುಣವೊಂದರ ಪ್ರಕಟಣೆ ಮಾತ್ರವೋ ಎಂಬುದು ಬಿಡಿಸಿ ನೋಡಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಶಿಲ್ಪಿಗಳು ಸುಮಾರು ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಕಲ್ಲಿನಲ್ಲಿ ಎತ್ತಿದ್ದಾರೆ. ಚೆನ್ನೈ ನಗರದ ದಕ್ಷಿಣಕ್ಕೆ ಕಡಲತೀರದಲ್ಲಿರುವ ಮಾಮಲ್ಲಪುರದ ಬೃಹತ್ ಬಂಡೆಯ ಉಬ್ಬುಶಿಲ್ಪವನ್ನು ಕೆಲವರು ಅರ್ಜುನನ ತಪಸ್ಸೆಂದೂ ಕೆಲವರು ಭಗೀರಥನ ತಪಸ್ಸು ಮತ್ತು ಗಂಗಾವತರಣವೆಂದೂ ಗುರುತಿಸುತ್ತಾರೆ. ಪಲ್ಲವರ ಕಾಲದ ಈ ಶಿಲ್ಪದಲ್ಲಿ ಪಕ್ಕೆಲುಬುಗಳು ಎದ್ದು ಕಾಣುವಷ್ಟು ಕೃಶನಾದ ತಪಸ್ವಿಯೊಬ್ಬ ಒಂದೇ ಕಾಲಿನ ಮೇಲೆ ನಿಂತು ಎರಡೂ ತೋಳುಗಳನ್ನು ಮೇಲೆತ್ತಿದ್ದಾನೆ. ಅದೇ ಬಂಡೆಯ ಕೆಳಭಾಗದಲ್ಲಿ ಬೆಕ್ಕೊಂದು ತಪಸ್ವಿಯಂತೆಯೇ ಮುಂಗಾಲುಗಳನ್ನೆತ್ತಿ ನಿಂತಿದೆ, ಅದರ ಸುತ್ತ ಇಲಿಗಳಿವೆ. ಮಹಾಭಾರತದ ಉದ್ಯೋಗಪರ್ವದಲ್ಲಿ ತಪಸ್ಸಿನ ಸೋಗು ಹಾಕಿ ಇಲಿಗಳ ನಂಬಿಕೆ ಗಳಿಸಿ ಅವನ್ನೇ ತಿನ್ನುವ ಬೆಕ್ಕಿನ ಕಥೆ ಬರುವುದರಿಂದ ಈ ದೃಶ್ಯದ ಆಶಯವನ್ನು ಊಹಿಸುವುದು ಕಷ್ಟವಲ್ಲ: ಭಂಗಿಯೊಂದನ್ನೇ ಅಳತೆಗೋಲಾಗಿ ಹಿಡಿದರೆ ತಪಸ್ವಿಗೂ ಬೆಕ್ಕಿಗೂ ಭೇದವೇ ಉಳಿಯುವುದಿಲ್ಲ.

ಒಂಟಿಕಾಲಿನಲ್ಲಿ ನಿಲ್ಲುವಾಗ ದೇಹದಲ್ಲಿ ನಡೆಯುವುದೇನು ಎಂಬುದನ್ನು ಶರೀರಶಾಸ್ತ್ರ ಈಗ ತಕ್ಕಮಟ್ಟಿಗೆ ವಿವರಿಸಬಲ್ಲದು. ಒಳಗಿವಿಯಲ್ಲಿರುವ ಮೂರು ಅರ್ಧವೃತ್ತಾಕಾರದ ನಾಳಗಳು ತಲೆಯ ತಿರುಗುವಿಕೆಯನ್ನೂ, ಸೂಕ್ಷ್ಮ ಸುಣ್ಣದ ಹರಳುಗಳಿರುವ ಎರಡು ಪುಟ್ಟ ಚೀಲಗಳು ಗುರುತ್ವದ ದಿಕ್ಕನ್ನೂ ಅರಿಯುತ್ತವೆ. ಕಣ್ಣು ಸುತ್ತಲಿನ ಸ್ಥಿರ ವಸ್ತುಗಳನ್ನು ಆಧಾರವಾಗಿ ಒದಗಿಸುತ್ತದೆ. ಅಂಗಾಲು, ಕೀಲು ಮತ್ತು ಸ್ನಾಯುಗಳಲ್ಲಿರುವ ಸಂವೇದಕಗಳು ಅಂಗಾಂಗಗಳ ಇರವನ್ನು ತಿಳಿಸುತ್ತವೆ. ಈ ಮೂರು ಮೂಲಗಳ ಸುದ್ದಿಯನ್ನು ಮಿದುಳು ಹೊಂದಿಸಿ ಸ್ನಾಯುಗಳಿಗೆ ಆಜ್ಞೆ ಕೊಡುತ್ತದೆ. ಕೆಲವು ವಾರಗಳ ಅಭ್ಯಾಸದಿಂದ ನಿಲುವು ಗಟ್ಟಿಯಾಗುವುದು ಮುಖ್ಯವಾಗಿ ಸ್ನಾಯು ದಪ್ಪವಾಗುವುದರಿಂದಲ್ಲ, ಮೊದಲು ಬದಲಾಗುವುದು ನರಮಂಡಲ. ಅನಗತ್ಯವಾದ ಪ್ರತಿವರ್ತನೆಗಳು ತಗ್ಗುತ್ತವೆ, ತೂಗಾಟದ ವ್ಯಾಪ್ತಿ ಕಡಿಮೆಯಾಗುತ್ತದೆ. ಆದರೆ ತೂಗಾಟ ಎಂದಿಗೂ ಪೂರ್ತಿ ನಿಲ್ಲುವುದಿಲ್ಲ. ನೋಡುವವರಿಗೆ ನಿಶ್ಚಲವಾಗಿ ಕಾಣುವ ದೇಹವು ಪ್ರತಿಕ್ಷಣವೂ ಬೀಳತೊಡಗಿ ಪ್ರತಿಕ್ಷಣವೂ ತನ್ನನ್ನು ತಿದ್ದಿಕೊಳ್ಳುತ್ತಿರುತ್ತದೆ. ಯೋಗಾಭ್ಯಾಸದಲ್ಲಿ ನೋಟವನ್ನು ಒಂದೆಡೆ ನಿಲ್ಲಿಸುವ ದೃಷ್ಟಿಯ ನಿಯಮಕ್ಕೂ ಇಲ್ಲಿ ಕಾರಣ ಸಿಗುತ್ತದೆ. ಕಣ್ಣು ಮುಚ್ಚಿದೊಡನೆ ಮೂರು ಆಧಾರಗಳಲ್ಲಿ ಒಂದು ಕಳಚಿ, ನಿಲುವು ತಟ್ಟನೆ ಕಷ್ಟವಾಗುತ್ತದೆ.

ಆಧುನಿಕ ಕಾಲದಲ್ಲಿ ಯೋಗಿಯ ದೇಹ ವಿಜ್ಞಾನದ ಅಳತೆಗೆ ಒಳಗಾದ ಚರಿತ್ರೆಯಲ್ಲಿ ಚೆನ್ನೈಗೂ ಕನ್ನಡಕ್ಕೂ ಸಂಬಂಧಿಸಿದ ಅಧ್ಯಾಯವೊಂದಿದೆ. ತಿರುಮಲೈ ಕೃಷ್ಣಮಾಚಾರ್ಯರು 1888ರಲ್ಲಿ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಹುಟ್ಟಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿ, 1934ರಲ್ಲಿ ಕನ್ನಡದಲ್ಲಿಯೇ 'ಯೋಗಮಕರಂದ'ವನ್ನು ಪ್ರಕಟಿಸಿ, 1950ರ ದಶಕದಲ್ಲಿ ಮದರಾಸಿಗೆ ನೆಲೆ ಬದಲಿಸಿ, 1989ರಲ್ಲಿ ಅಲ್ಲಿಯೇ ತೀರಿಕೊಂಡರು. ಹೃದಯದ ಬಡಿತವನ್ನೇ ಅವರು ನಿಲ್ಲಿಸಬಲ್ಲರೆಂಬ ಖ್ಯಾತಿಯಿತ್ತು. ಇಂಥ ಪ್ರತೀತಿಗಳನ್ನು ಪರೀಕ್ಷಿಸಲೆಂದು ಭಾರತದಲ್ಲಿ ಪ್ರಯೋಗ ನಡೆಸಿದ ವೆಂಗರ್, ಬಾಗ್ಚಿ ಮತ್ತು ಆನಂದ್ ಎಂಬ ವಿಜ್ಞಾನಿಗಳು 1961ರಲ್ಲಿ ಪ್ರಕಟಿಸಿದ ಲೇಖನದ ತೀರ್ಮಾನ ಸಮತೋಲದ್ದಾಗಿತ್ತು: ಉಸಿರು ಬಿಗಿಹಿಡಿದು ಎದೆ ಮತ್ತು ಹೊಟ್ಟೆಯ ಸ್ನಾಯುಗಳನ್ನು ಸಂಕೋಚಿಸಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ, ಮಣಿಕಟ್ಟಿನ ನಾಡಿ ಕೈಗೆ ಸಿಗದಂತಾಗುತ್ತದೆ, ಸ್ಟೆತಸ್ಕೋಪಿಗೂ ಬಡಿತ ಕೇಳಿಸದಾಗುತ್ತದೆ, ಆದರೆ ಹೃದಯದ ವಿದ್ಯುತ್ ಚಟುವಟಿಕೆಯ ಲೇಖವು ಹೃದಯ ಬಡಿಯುತ್ತಲೇ ಇತ್ತೆಂದು ತೋರಿಸುತ್ತದೆ. ಅಂದರೆ ದೇಹದ ಮೇಲಿನ ಹಿಡಿತ ಸುಳ್ಳಲ್ಲ, ಅದಕ್ಕೆ ಕೊಟ್ಟ ಅರ್ಥ ಅತಿಶಯವಾಗಿತ್ತು.

ಕೃಷ್ಣಮಾಚಾರ್ಯರ ಬೋಧನೆಯ ಪಥವೂ ಈ ವಿಚಾರಕ್ಕೆ ಪೋಷಕವಾಗಿದೆ. ಮೈಸೂರಿನಲ್ಲಿ ಹುಡುಗರಿಗೆ ಕಠಿಣವಾದ ಆಸನಸರಣಿಗಳನ್ನು ಕಲಿಸಿ ಊರೂರಿನಲ್ಲಿ ಪ್ರದರ್ಶನ ಏರ್ಪಡಿಸುತ್ತಿದ್ದ ಅವರು, ಮದರಾಸಿನಲ್ಲಿ ರೋಗಿಗಳು, ಗೃಹಸ್ಥರು, ವೃದ್ಧರು ಮೊದಲಾದವರಿಗೆ ಒಬ್ಬೊಬ್ಬರಾಗಿ, ಅವರವರ ವಯಸ್ಸು, ಉಸಿರು ಮತ್ತು ಶಕ್ತಿಗೆ ತಕ್ಕಂತೆ ಅಭ್ಯಾಸವನ್ನು ರೂಪಿಸಿಕೊಡತೊಡಗಿದರು. ಅವರ ಮಗ ಟಿ.ಕೆ.ವಿ. ದೇಶಿಕಾಚಾರ್ 1976ರಲ್ಲಿ ಚೆನ್ನೈನಲ್ಲಿ ಸ್ಥಾಪಿಸಿದ ಕೃಷ್ಣಮಾಚಾರ್ಯ ಯೋಗ ಮಂದಿರಂ ಈ ಕ್ರಮವನ್ನೇ ಮುಂದುವರಿಸಿತು. ಆಸನದ ಪರಿಪೂರ್ಣತೆಯೇ ಗುರಿಯಾಗಿದ್ದರೆ ಇಂಥ ಹೊಂದಾಣಿಕೆಗೆ ಅವಕಾಶವೇ ಇರುತ್ತಿರಲಿಲ್ಲ.

ಏಕಾಂತದ ವಿಷಯ ಇನ್ನೂ ಸೂಕ್ಷ್ಮವಾದುದು, ಏಕೆಂದರೆ ಇಲ್ಲಿ ಹೊಂದಾಣಿಕೆ ಯಾವಾಗಲೂ ಲಾಭವಾಗಿರುವುದಿಲ್ಲ. ದೇಹದೊಳಗೆ ದಿನರಾತ್ರಿಗಳ ಲಯ ಕಾಯುವ ಒಂದು ಜೈವಿಕ ಗಡಿಯಾರವಿದ್ದು, ಅದರ ದಿನ 24 ಗಂಟೆಗಿಂತ ತುಸು ಉದ್ದವಾಗಿರುವುದರಿಂದ ಸೂರ್ಯನ ಬೆಳಕು ಅದನ್ನು ದಿನವೂ ತಿದ್ದುತ್ತಿರಬೇಕಾಗುತ್ತದೆ. 1962ರಲ್ಲಿ ಗಡಿಯಾರವಿಲ್ಲದೆ ಸುಮಾರು ಎರಡು ತಿಂಗಳು ಗುಹೆಯಲ್ಲಿ ಕಳೆದ ಫ್ರಾನ್ಸಿನ ಮಿಶೆಲ್ ಸಿಫ್ರ್ ಸೆಪ್ಟೆಂಬರ್ 14ರಂದು ಹೊರಬಂದಾಗ, ಅವರ ಲೆಕ್ಕದಲ್ಲಿ ಅದು ಆಗಸ್ಟ್ 20 ಆಗಿತ್ತು. ಮಂಗಳಯಾನದ ಪೂರ್ವಾಭ್ಯಾಸವಾಗಿ 2010–11ರಲ್ಲಿ ಮಾಸ್ಕೋದಲ್ಲಿ ಆರು ಜನ 520 ದಿನ ಮುಚ್ಚಿದ ಕೋಣೆಗಳಲ್ಲಿದ್ದಾಗ ಅವರ ಚಲನವಲನ ಕ್ರಮೇಣ ಕುಗ್ಗಿತು. ಅಂಟಾರ್ಕ್ಟಿಕದ ನೆಲೆಯೊಂದರಲ್ಲಿ 14 ತಿಂಗಳಿದ್ದ ಒಂಬತ್ತು ಜನರಲ್ಲಿ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗವೊಂದರ ಗಾತ್ರ ತಗ್ಗಿದ್ದನ್ನು 2019ರ ಅಧ್ಯಯನ ದಾಖಲಿಸಿತು. ಏಕಾಂತದಾಚೆಗೂ ಇದೇ ಮಾತು ಸಲ್ಲುತ್ತದೆ: ತೂಕದ ಅನುಭವವಿಲ್ಲದ ಬಾಹ್ಯಾಕಾಶದಲ್ಲಿ ದೇಹ ತೇಲಾಟಕ್ಕೆ ಕೆಲವೇ ದಿನಗಳಲ್ಲಿ ಹೊಂದಿಕೊಳ್ಳುತ್ತದೆ. ಆದರೆ ಅದೇ ಹೊಂದಾಣಿಕೆಯ ಫಲವಾಗಿ ಮೂಳೆ ಸವೆಯುತ್ತದೆ, ಭೂಮಿಗೆ ಮರಳಿದ ಮೇಲೆ ನೆಟ್ಟಗೆ ನಡೆಯುವುದೂ ಕೆಲಕಾಲ ಕಷ್ಟವಾಗುತ್ತದೆ. 1984ರಲ್ಲಿ ಸಲ್ಯೂತ್-7 ನೆಲೆಗೆ ಹೋದ ರಾಕೇಶ್ ಶರ್ಮಾ ಅಲ್ಲಿ ಯೋಗಾಸನಗಳನ್ನು ಅಭ್ಯಾಸ ಮಾಡಿದ್ದು ಇಂಥ ಪರಿಣಾಮಗಳನ್ನು ಎದುರಿಸುವ ಸಾಧ್ಯತೆಯನ್ನು ಪರೀಕ್ಷಿಸಲೆಂದೇ.

ಇವುಗಳಿಂದ ಹೊರಡುವ ತಾತ್ತ್ವಿಕ ಅಂಶವೆಂದರೆ, ದೇಹದ ಹೊಂದಾಣಿಕೆಗೆ ಮೌಲ್ಯದ ವಿವೇಕವಿಲ್ಲ. ಅದು ಅಭ್ಯಾಸಕ್ಕೂ ಒಗ್ಗುತ್ತದೆ, ಅಭಾವಕ್ಕೂ ಒಗ್ಗುತ್ತದೆ. ಸಾಧಕನ ಗುಹೆಗೂ ಕೈದಿಯ ಒಂಟಿಕೋಣೆಗೂ ಅದೇ ನರಮಂಡಲ ಉತ್ತರಿಸುತ್ತದೆ. ಆದ್ದರಿಂದ ಒಗ್ಗಿಕೊಂಡಿತೆಂಬ ಮಾತ್ರಕ್ಕೆ ಅದು ಶ್ರೇಯಸ್ಸಾಗುವುದಿಲ್ಲ.

ಕನ್ನಡದ ಧಾರ್ಮಿಕ ಸಾಹಿತ್ಯ ಈ ವಿವೇಕವನ್ನು ಕಥೆಗಳ ಮೂಲಕ ಕಾಪಾಡಿಕೊಂಡು ಬಂದಿದೆ. ದೇಹದ ಮಮಕಾರವನ್ನು ಬಿಟ್ಟು ನೆಟ್ಟಗೆ ನಿಲ್ಲುವ ಜೈನರ ಧ್ಯಾನಭಂಗಿಗೆ ಕಾಯೋತ್ಸರ್ಗವೆಂದು ಹೆಸರು. ಆ ಭಂಗಿಯಲ್ಲಿ ಬಾಹುಬಲಿ ಒಂದು ವರ್ಷ ನಿಂತು, ಮೈಗೆ ಬಳ್ಳಿ ಹಬ್ಬಿ, ಕಾಲ ಬಳಿ ಹುತ್ತ ಬೆಳೆದರೂ ಕೇವಲಜ್ಞಾನ ದೊರೆಯಲಿಲ್ಲ, ಅಣ್ಣ ಭರತನ ವಿಷಯದಲ್ಲಿ ಮನಸ್ಸಿನಲ್ಲಿ ಉಳಿದಿದ್ದ ಮುಳ್ಳು ಕಳಚಿದ ಮೇಲೆಯೇ ಅದು ದೊರೆಯಿತು ಎಂದು ಪುರಾಣಪರಂಪರೆ ಹೇಳುತ್ತದೆ. ವೀರಶೈವ ಕಾವ್ಯಗಳಲ್ಲಿ ಬರುವ ಅಲ್ಲಮ–ಗೋರಕ್ಷರ ಪ್ರಸಂಗ ಇನ್ನೂ ನಿಷ್ಠುರವಾದುದು: ಕಾಯಸಿದ್ಧಿಯಿಂದ ವಜ್ರದೇಹಿಯಾದ ಗೋರಕ್ಷನನ್ನು ಕತ್ತಿಯಿಂದ ಹೊಡೆದರೆ ಖಣಿಲೆಂಬ ಸದ್ದು ಬರುತ್ತದೆ, ಅಲ್ಲಮನ ಮೇಲೆ ಬೀಸಿದ ಕತ್ತಿ ಬಯಲಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಗಟ್ಟಿಯಾದ ದೇಹವೂ 'ನನ್ನದು' ಎಂಬ ಭಾವಕ್ಕೆ ಇನ್ನೊಂದು ಕೋಟೆಯಾಗಬಲ್ಲದೆಂಬ ಎಚ್ಚರಿಕೆ ಇಲ್ಲಿದೆ.

ಹಾಗೆಂದು ಸ್ಥೈರ್ಯವೂ ಏಕಾಂತವೂ ನಿರರ್ಥಕವೆಂದು ತಿಳಿಯಬೇಕಾಗಿಲ್ಲ. ಚಂಚಲವಾದ ದೇಹದಲ್ಲಿ ಗಮನ ನಿಲ್ಲುವುದು ದುಸ್ತರ, ಗದ್ದಲದ ನಡುವೆ ಆತ್ಮಪರೀಕ್ಷೆ ಕಷ್ಟ. ವೃದ್ಧರಿಗಂತೂ ಒಂದು ಕಾಲಿನ ಮೇಲೆ ಕೆಲವು ಕ್ಷಣ ನಿಲ್ಲುವ ಶಕ್ತಿ ಬೀಳದೆ ಬದುಕುವ ಭರವಸೆಯನ್ನು ಕೊಡುತ್ತದೆ, ಅದಕ್ಕೆ ಸಿದ್ಧಿಯೆಂಬ ಹೆಸರಿನ ಅಗತ್ಯವಿಲ್ಲ. ಗಮನಿಸಬೇಕಾದದ್ದು ಪತಂಜಲಿಯ ಅಷ್ಟಾಂಗಗಳ ಕ್ರಮವನ್ನು: ಆಸನ ಮೂರನೆಯದು, ಅದಕ್ಕಿಂತ ಮೊದಲು ಬರುವ ಯಮದಲ್ಲಿ ಅಹಿಂಸೆ, ಸತ್ಯ, ಅಸ್ತೇಯಗಳಿವೆ. ಎದುರಿಗೆ ಇನ್ನೊಬ್ಬರಿಲ್ಲದ ಗುಹೆಯಲ್ಲಿ ಇವುಗಳಿಗೆ ಪರೀಕ್ಷೆಯೇ ಒದಗುವುದಿಲ್ಲ. ಏಕಾಂತದ ಆಸನವನ್ನು ವಿಧಿಸಿದ ಗೀತೆಯ ಅದೇ ಅಧ್ಯಾಯವು ಇತರರ ಸುಖದುಃಖಗಳನ್ನು ತನ್ನವೆಂಬಂತೆ ಕಾಣುವವನನ್ನೇ ಶ್ರೇಷ್ಠ ಯೋಗಿಯೆಂದು ಹೇಳುವುದೂ ಆಕಸ್ಮಿಕವಲ್ಲ. ಆದ್ದರಿಂದ ಸಾಧಕನ ದೇಹ ಎಷ್ಟು ಹೊತ್ತು ಅಲುಗಾಡದೆ ನಿಂತಿತೆಂಬುದನ್ನು ವೈದ್ಯನು ಅಳೆಯಲಿ. ಆ ನಿಲುವು ಅವನನ್ನು ಜನರ ನಡುವೆ ಹೆಚ್ಚು ಸತ್ಯವಂತನನ್ನಾಗಿ, ಹೆಚ್ಚು ಅಹಿಂಸಾಪರನನ್ನಾಗಿ ಮಾಡಿತೇ ಎಂಬುದೇ ಧರ್ಮ ಕೇಳಬೇಕಾದ ಪ್ರಶ್ನೆ.