ಸಂದಿಗೆ ತಿರುಗಿದ ಹೆಜ್ಜೆಗಳು

ಮ್ಯೂನಿಕ್‌ನ ಹಳೆಯ ಪೇಟೆಯಲ್ಲಿ ರೆಸಿಡೆನ್ಸ್ ಬೀದಿಯಿಂದ ಥಿಯಾಟಿನರ್ ಬೀದಿಗೆ ಹಾಯುವ ಒಂದು ಸಣ್ಣ ಸಂದಿ ಇದೆ. ಹೆಸರು ವಿಸ್ಕಾರ್ಡಿಗಾಸೆ. ಎಷ್ಟೇ ನಿಧಾನವಾಗಿ ನಡೆದರೂ ಒಂದು ನಿಮಿಷದಲ್ಲಿ ಮುಗಿದುಹೋಗುತ್ತದೆ. ಅದರ ನೆಲಗಲ್ಲುಗಳ ನಡುವೆ ಒಂದು ಕಂಚಿನ ಪಟ್ಟೆ ಬಳುಕುತ್ತ ಸಾಗುತ್ತದೆ. ಮಳೆ ನಿಂತ ಒಂದು ಬೆಳಿಗ್ಗೆ ನಾನು ಅದನ್ನು ನೋಡಿದೆ. ಸುತ್ತಲಿನ ಬೂದುಗಲ್ಲುಗಳೆಲ್ಲ ಮಂಕಾಗಿದ್ದವು. ಪಟ್ಟೆ ಮಾತ್ರ ಗುಡಿಯ ಹೊಸ್ತಿಲಿಗೆ ಹೊಡೆದ ಹಿತ್ತಾಳೆ ತಗಡಿನ ಹಾಗೆ ಕಾಲು ತಾಗಿ ತಾಗಿ ಹೊಳಪೇರಿತ್ತು. ಕರೆದುಕೊಂಡು ಬಂದವರು ನಿಲ್ಲಿಸಿ ತೋರಿಸದಿದ್ದರೆ ನಾನು ಅದನ್ನು ತುಳಿದುಕೊಂಡೇ ಮುಂದಿನ ಬೀದಿಗೆ ಹೋಗಿಬಿಡುತ್ತಿದ್ದೆ.

ಮಗಳು ಆ ಊರಿನಲ್ಲಿ ಕೆಲಸದಲ್ಲಿದ್ದಾಳೆ. ಅವಳ ಮನೆಯಲ್ಲಿ ಒಂದು ತಿಂಗಳು ಇದ್ದೆ. ನಾತ್ಸಿಗಳ ಕಾಲದ ಮ್ಯೂನಿಕ್ಕನ್ನು ನಡೆಸಿಕೊಂಡು ತೋರಿಸುವ ಒಂದು ತಂಡದೊಂದಿಗೆ ಹೋಗಿಬಾ ಎಂದವಳು ಅವಳೇ. ನಮ್ಮ ಮಾರ್ಗದರ್ಶಿ ನಿವೃತ್ತ ಶಿಕ್ಷಕಿ. ಮರಿಯನ್‌ಪ್ಲಾಟ್ಸ್ ಚೌಕದಲ್ಲಿ ಹೊರಡುವ ಮೊದಲೇ ಒಂದು ಎಚ್ಚರಿಕೆ ಕೊಟ್ಟರು: ಫೋಟೋಗಾಗಲಿ ತಮಾಷೆಗಾಗಲಿ ಹಿಟ್ಲರ್ ಕಾಲದ ಆ ಸಲ್ಯೂಟಿನಂತೆ ಕೈ ಚಾಚಬೇಡಿ, ಈ ದೇಶದಲ್ಲಿ ಅದು ಅಪರಾಧ. ಮುಂದೆ ಒಂದು ಕಡೆ, ಗುಂಪಿನಲ್ಲಿದ್ದ ಹುಡುಗನೊಬ್ಬ ಎತ್ತರದಲ್ಲಿದ್ದ ಕಲ್ಲಿನ ಸಿಂಹವನ್ನು ತೋರಿಸಲು ಕೈ ಎತ್ತಿದವನು ಅರ್ಧದಲ್ಲೇ ಮಡಚಿಕೊಂಡ. ಒಂದು ಅಂಗಚಲನೆಗೆ ಇಷ್ಟು ಭಾರ ಬರಲು ಆ ಊರಿನಲ್ಲಿ ಏನೇನು ನಡೆದಿರಬೇಕು ಎಂದು ಯೋಚಿಸುತ್ತಲೇ ನಡೆದೆ.

ಬೆಳಿಗ್ಗೆ 11 ಗಂಟೆಗೆ ಪುರಭವನದ ಗಡಿಯಾರದಲ್ಲಿ ಗೊಂಬೆಗಳು ಕುಣಿಯುತ್ತವೆ. ಚೌಕದಲ್ಲಿದ್ದ ನೂರಾರು ಜನ ಕತ್ತೆತ್ತಿ ನೋಡುತ್ತಿದ್ದಾಗ ಆಕೆ ನಮ್ಮನ್ನು ಪಕ್ಕಕ್ಕೆ ತಿರುಗಿಸಿ ಹಳೆಯ ಪುರಭವನವನ್ನು ತೋರಿಸಿದರು. ಅದರ ಗೋಪುರದಲ್ಲಿ ಈಗ ಆಟಿಕೆಗಳ ಮ್ಯೂಸಿಯಂ ಇದೆ. 1938ರ ನವೆಂಬರ್ 9ರ ರಾತ್ರಿ ಹಿಟ್ಲರನ ಪ್ರಚಾರ ಮಂತ್ರಿ ಗೋಬೆಲ್ಸ್ ಆ ಕಟ್ಟಡದ ಸಭಾಂಗಣದಲ್ಲಿ ನಿಂತು ಯಹೂದಿಗಳ ವಿರುದ್ಧ ಮಾತಾಡಿದ. ಬೆಳಗಾಗುವುದರೊಳಗೆ ಜರ್ಮನಿಯ ಉದ್ದಗಲಕ್ಕೂ ಯಹೂದಿಗಳ ಪ್ರಾರ್ಥನಾ ಮಂದಿರಗಳು ಹೊತ್ತಿ ಉರಿಯುತ್ತಿದ್ದವು. ಮ್ಯೂನಿಕ್‌ನ ದೊಡ್ಡ ಸಿನಗಾಗ್ ಸುಡುವುದಕ್ಕೂ ಉಳಿದಿರಲಿಲ್ಲ. ಅದನ್ನು ಅದೇ ವರ್ಷದ ಜೂನ್‌ನಲ್ಲಿ ಕೆಡವಿಸಿ ಆ ಜಾಗದಲ್ಲಿ ವಾಹನ ನಿಲ್ಲಿಸುವಂತೆ ಮಾಡಿದ್ದರು. ಮೂರು ವರ್ಷ ಕಳೆದು, 1941ರ ನವೆಂಬರ್ 20ರಂದು, ಈ ಊರಿನ ಸುಮಾರು ಸಾವಿರ ಯಹೂದಿಗಳನ್ನು ರೈಲಿಗೆ ತುಂಬಿ ಲಿಥುವೇನಿಯಾದ ಕೌನಾಸ್‌ಗೆ ಸಾಗಿಸಿದರು. ಐದನೆಯ ದಿನ ಅವರನ್ನೆಲ್ಲ ಗುಂಡಿಟ್ಟು ಕೊಂದರು. ಇದನ್ನು ಹೇಳುವಾಗ ಆಕೆಯ ದನಿ ಏರಲೂ ಇಲ್ಲ, ನಡುಗಲೂ ಇಲ್ಲ. ಹೇಳಿ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು, ನಾವೂ ನಿಂತೆವು.

ಅಲ್ಲಿಂದ ಓಡಿಯೋನ್ಸ್‌ಪ್ಲಾಟ್ಸ್. ಮೂರು ಕಮಾನುಗಳ, ಎರಡು ಕಲ್ಲಿನ ಸಿಂಹಗಳ ಫೆಲ್ಡ್‌ಹೆರ್ನ್‌ಹಾಲೆ ಇರುವುದು ಇಲ್ಲಿಯೇ. ಬವೇರಿಯದ ಸೇನಾಪತಿಗಳ ನೆನಪಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ್ದು. 1923ರ ನವೆಂಬರ್ 9ರಂದು ಸರ್ಕಾರ ಉರುಳಿಸಲು ಹಿಟ್ಲರ್ ತನ್ನವರನ್ನು ಕಟ್ಟಿಕೊಂಡು ಬಂದಾಗ ಪೊಲೀಸರು ಇಲ್ಲಿ ತಡೆದರು. ಗುಂಡು ಹಾರಿತು. ಅವನ ಕಡೆಯ ಹಲವರು ಸತ್ತರು, ನಾಲ್ವರು ಪೊಲೀಸರೂ ಸತ್ತರು. ಹಿಟ್ಲರ್ ಓಡಿಹೋಗಿ, ಸಿಕ್ಕಿಬಿದ್ದು, ಐದು ವರ್ಷದ ಶಿಕ್ಷೆ ಪಡೆದು, 1924 ಮುಗಿಯುವ ಮೊದಲೇ ಹೊರಗೆ ಬಂದ. ಹತ್ತು ವರ್ಷದಲ್ಲಿ ದೇಶವೇ ಅವನ ಕೈಗೆ ಹೋಯಿತು. ಆಗ ಆ ಕಟ್ಟಡದ ಪಕ್ಕದ ಗೋಡೆಗೆ ಅವನ ‘ಹುತಾತ್ಮ’ರ ಸ್ಮಾರಕ ಬಂತು, ಹಗಲೂ ರಾತ್ರಿ ನಾತ್ಸಿ ಪಡೆಯಾದ ಎಸ್‌ಎಸ್ ಕಾವಲು ಬಂತು. ಆ ಗೋಡೆಯ ಮುಂದೆ ಹಾದುಹೋಗುವ ಪ್ರತಿಯೊಬ್ಬರೂ ಬಲಗೈ ಚಾಚಿ ಸಲ್ಯೂಟ್ ಹೊಡೆಯಲೇಬೇಕು ಎಂಬ ಕಟ್ಟಳೆ ಬಂತು. ಕೆಲಸಕ್ಕೆ ಹೋಗುವವರು, ತರಕಾರಿ ಚೀಲ ಹಿಡಿದವರು, ಸೈಕಲ್ ಮೇಲಿನವರು, ಎಲ್ಲರೂ.

ಆ ಗೋಡೆ ಇದ್ದ ರೆಸಿಡೆನ್ಸ್ ಬೀದಿಯಲ್ಲಿ, ಸ್ಮಾರಕಕ್ಕೆ ಸ್ವಲ್ಪ ಮೊದಲು, ಎಡಕ್ಕೆ ಆ ಸಂದಿ ಸಿಗುತ್ತಿತ್ತು. ಕೈ ಎತ್ತಲು ಮನಸ್ಸಿಲ್ಲದವರು ಸಂದಿಯೊಳಕ್ಕೆ ತಿರುಗಿ, ಹಿಂದಿನ ಬೀದಿ ಹಿಡಿದು ಚೌಕ ಸೇರುತ್ತಿದ್ದರು. ಊರಿನವರು ಅದಕ್ಕೆ ಡ್ರ್ಯೂಕೆಬೆರ್ಗರ್‌ಗಾಸೆ ಎಂದು ಹೆಸರಿಟ್ಟರು. ನಮ್ಮ ಮಾತಿನಲ್ಲಿ ‘ನುಣುಚಿಕೊಳ್ಳುವವರ ಓಣಿ’. 1995ರಲ್ಲಿ ಬ್ರೂನೋ ವಾಂಕ್ ಎಂಬ ಕಲಾವಿದ ಅಲ್ಲಿ ಕಂಚಿನ ಪಟ್ಟೆ ಹಾಸಿದ. ಪ್ರತಿಮೆಯಿಲ್ಲ, ಕಂಬವಿಲ್ಲ. ಹೆಜ್ಜೆ ಸಾಗಿದ ಒಂದು ಜಾಡು, ಅಷ್ಟೇ.

ಮಾರ್ಗದರ್ಶಿ ಪಟ್ಟೆಯ ಅಂಚಿನಲ್ಲಿ ನಿಂತು ಹೇಳಿದರು: ಈಗ ಯಾರನ್ನು ಕೇಳಿದರೂ ತಮ್ಮ ಅಜ್ಜ ಇದೇ ಸಂದಿಯಲ್ಲಿ ನಡೆದವರು ಎನ್ನುತ್ತಾರೆ. ನನ್ನ ಅಜ್ಜ ಸಲ್ಯೂಟ್ ಹೊಡೆದವರು. ನಾನು ಕೇಳಿದೆ, ಅವರು ಹೇಳಿದರು.

ಆ ಮಾತು ಕೇಳಿದ ಮೇಲೆ ಪ್ರವಾಸದ ಉಳಿದ ಭಾಗ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ. ನನಗೆ ನೆನಪಾಗಿದ್ದು ನನ್ನ ಅಪ್ಪ.

ನಮ್ಮೂರಿನಲ್ಲಿ ಒಂದೇ ಒಂದು ಹಿಟ್ಟಿನ ಗಿರಣಿ ಇತ್ತು. ಗಿರಣಿಯವನ ಮಗಳು ಬೇರೆ ಜಾತಿಯ ಹುಡುಗನನ್ನು ಮದುವೆಯಾದಳು. ಊರ ಹಿರಿಯರು ಸೇರಿ ಆ ಮನೆಗೆ ಬಹಿಷ್ಕಾರ ಹಾಕಿದರು. ಕೊಡುವುದಿಲ್ಲ, ತೆಗೆದುಕೊಳ್ಳುವುದಿಲ್ಲ, ಮಾತಿಲ್ಲ, ಕತೆಯಿಲ್ಲ. ನನಗಾಗ ಹತ್ತು ವರ್ಷ ಇರಬಹುದು. ಅಪ್ಪ ಇದನ್ನು ಒಪ್ಪಿದವರಲ್ಲ. ಮನೆಯೊಳಗೆ, ಬಾಗಿಲು ಹಾಕಿಕೊಂಡು, ಇದು ಅನ್ಯಾಯ ಎಂದು ಅಮ್ಮನ ಹತ್ತಿರ ಹೇಳುತ್ತಿದ್ದರು. ಆದರೆ ಗಿರಣಿಗೂ ಹೋಗಲಿಲ್ಲ. ರಾಗಿ ಡಬ್ಬ ಹೆಗಲಿಗೇರಿಸಿ ಮೂರು ಕಿಲೋಮೀಟರ್ ಆಚೆಯ ಊರಿನ ಗಿರಣಿಗೆ ನಡೆಯುತ್ತಿದ್ದರು. ನಾನೂ ಜೊತೆಗೆ ಹೋಗುತ್ತಿದ್ದೆ. ನೇರ ದಾರಿ ಹಿಡಿದರೆ ಇವನ ಗಿರಣಿಯ ಮುಂದೆಯೇ ಹಾದುಹೋಗಬೇಕು. ಅಪ್ಪ ಹುಣಸೆಮರದ ಹಿಂದಿನ ಓಣಿ ಹಿಡಿಯುತ್ತಿದ್ದರು. ಯಾಕೆ ಸುತ್ತಿಕೊಂಡು ಹೋಗಬೇಕು ಎಂದು ನಾನು ಕೇಳಿದ್ದಕ್ಕೆ ಉತ್ತರ ಬಂದದ್ದು ನೆನಪಿಲ್ಲ.

ಒಂದು ದಿನ ಅಮ್ಮ ಬೆಲ್ಲ ತರಲು ಕಳಿಸಿದಾಗ ನಾನೊಬ್ಬಳೇ ಗಿರಣಿಯ ಮುಂದೆ ಹೋದೆ. ಬೆಲ್ಟು ತಿರುಗುವ ಆ ಟಪಟಪ ಸದ್ದು ನಿಂತು ತಿಂಗಳಾಗಿತ್ತು. ಗಿರಣಿಯವನು ಜಗುಲಿಯ ಮೇಲೆ ಖಾಲಿ ಗೋಣಿಚೀಲ ಹಾಸಿಕೊಂಡು ಕುಳಿತಿದ್ದ. ಹುಬ್ಬಿನಿಂದ ತೋಳಿನವರೆಗೆ ಹಿಟ್ಟು ಮೆತ್ತಿಕೊಂಡ ಬಿಳಿ ಮನುಷ್ಯನನ್ನಷ್ಟೇ ನಾನು ಅಲ್ಲಿಯವರೆಗೆ ನೋಡಿದ್ದೆ. ಆವತ್ತು ಅವನ ತಲೆಗೂದಲು ಕಪ್ಪಗಿತ್ತು. ಅವನಿಗೆ ಇನ್ನೂ ವಯಸ್ಸಾಗಿಲ್ಲ ಎಂಬುದು ನನಗೆ ಆಗಲೇ ಗೊತ್ತಾದದ್ದು.

ಮ್ಯೂನಿಕ್‌ನವರು ಸಂದಿಗೆ ತಿರುಗಿದ್ದು ಕೊಂದವರ ಗುಣಗಾನಕ್ಕೆ ಕೈ ಎತ್ತಬಾರದು ಎಂದು. ಅಪ್ಪ ಓಣಿಗೆ ತಿರುಗಿದ್ದು ಅನ್ಯಾಯಕ್ಕೊಳಗಾದವನ ಕಣ್ಣು ತಪ್ಪಿಸಲು. ಮೇಲಿನಿಂದ ನೋಡಿದರೆ ಎರಡೂ ಒಂದೇ: ದೊಡ್ಡ ರಸ್ತೆಯಲ್ಲಿ ಬರುತ್ತಿದ್ದವನು ತಲೆ ತಗ್ಗಿಸಿ ಪಕ್ಕಕ್ಕೆ ಹೊರಳುತ್ತಾನೆ. ಹೊರಳಿದವನೊಳಗೆ ಏನಿತ್ತು ಎಂದು ಕಂಚು ಹೇಳುವುದಿಲ್ಲ. ಇಷ್ಟಾದರೂ ಸಂದಿಗೆ ತಿರುಗಿದವರನ್ನು ಕಡೆಗಣಿಸಲು ನನಗೆ ಮನಸ್ಸು ಬರುವುದಿಲ್ಲ. ದಿನವೂ ಮೈಗೆ ಹಚ್ಚುವ ಸುಳ್ಳನ್ನು ದಿನವೂ ಒರೆಸಿಕೊಂಡು ನಡೆಯಬೇಕಾದರೆ ಒಂದಿಷ್ಟು ಎಚ್ಚರ ಬೇಕು. ಆದರೆ ಸಂದಿಯ ಆಚೆ ತುದಿಯಲ್ಲಿ ಹೊರಬಿದ್ದ ಮನುಷ್ಯ, ನಾನು ನನ್ನ ಪಾಲಿನದು ಮಾಡಿದೆ ಎಂದುಕೊಂಡು ಹಗುರಾಗಿ ಮನೆಗೆ ಹೋಗುತ್ತಾನಲ್ಲ, ಆ ಹಗುರತನ ನನ್ನನ್ನು ಕಾಡುತ್ತದೆ. ಅಪ್ಪನಿಗೂ ಅಂಥದೊಂದು ಸಮಾಧಾನ ಇತ್ತು. ತಾನು ಹಿರಿಯರ ಜೊತೆ ಕೂತು ತೀರ್ಪು ಕೊಡಲಿಲ್ಲ, ಗಿರಣಿಯವನಿಗೆ ಕೆಟ್ಟ ಮಾತಾಡಲಿಲ್ಲ ಎಂಬ ಸಮಾಧಾನ. ಗಿರಣಿಯಂತೂ ನಿಂತೇ ಇತ್ತು.

ಗೊತ್ತಿರಲಿಲ್ಲ ಎನ್ನುವುದು ಮ್ಯೂನಿಕ್‌ನಲ್ಲಿ ಕಷ್ಟ. ಊರಿನ ಹೊರಗೆ ಡಾಖೌ ಎಂಬಲ್ಲಿ ಸೆರೆಶಿಬಿರ ತೆರೆಯುತ್ತೇವೆ ಎಂದು ಎಸ್‌ಎಸ್ ಪಡೆಯ ಮುಖ್ಯಸ್ಥ ಹಿಮ್ಲರ್ 1933ರ ಮಾರ್ಚ್‌ನಲ್ಲಿ ಪತ್ರಿಕೆಗಳಿಗೆ ತಿಳಿಸಿದ, ಸುದ್ದಿ ಅಚ್ಚಾಯಿತು, ಮಾರ್ಚ್ 22ರಂದು ಶಿಬಿರ ಶುರುವಾಯಿತು. ಜನ ಕಾಫಿ ಕುಡಿಯುತ್ತ ಅದನ್ನು ಓದಿರಬೇಕು. ಹನ್ನೆರಡು ವರ್ಷಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಅಲ್ಲಿ ಮತ್ತು ಅದರ ಉಪಶಿಬಿರಗಳಲ್ಲಿ ಕೂಡಿಹಾಕಿದರು, ಕನಿಷ್ಠ 41,500 ಮಂದಿ ಸತ್ತರು.

ಪ್ರವಾಸ ಮುಗಿದ ಮೇಲೆ ಒಬ್ಬಳೇ ವಿಶ್ವವಿದ್ಯಾಲಯದ ಕಡೆಗೆ ನಡೆದೆ. ಮುಖ್ಯ ಕಟ್ಟಡದ ಮುಂದಿನ ನೆಲದಲ್ಲಿ, ಈಗಷ್ಟೇ ಯಾರೋ ಚೆಲ್ಲಿಹೋದ ಹಾಗೆ, ಕರಪತ್ರಗಳನ್ನು ಕೂರಿಸಿದ್ದಾರೆ. ಹಿಟ್ಲರನ ವಿರುದ್ಧ ನಿಂತ ‘ಬಿಳಿ ಗುಲಾಬಿ’ ಗುಂಪಿನ ಕರಪತ್ರಗಳ ಪ್ರತಿರೂಪ ಅವು. ವಿದ್ಯಾರ್ಥಿಗಳು ಅವುಗಳ ಮೇಲೆಯೇ ನಡೆದಾಡುತ್ತಿದ್ದರು. ನನ್ನ ಕಾಲು ತಾನಾಗಿ ಹಿಂದಕ್ಕೆ ಬಂತು. ಕಾಗದಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಈ ಸಂಕೋಚ ನಮ್ಮದು ಮಾತ್ರವಲ್ಲ ಎಂದು ತಿಳಿದಾಗ ಮನಸ್ಸಿಗೆ ಹತ್ತಿರವೆನಿಸಿತು. ಜರ್ಮನಿಯ ಬೇರೆ ಊರುಗಳಲ್ಲಿ, ನಾತ್ಸಿಗಳಿಗೆ ಬಲಿಯಾದವರ ಹೆಸರು ಕೊರೆದ ಹಿತ್ತಾಳೆಯ ಬಿಲ್ಲೆಗಳನ್ನು ಅವರ ಮನೆಯೆದುರಿನ ಕಾಲುದಾರಿಯಲ್ಲಿ ಹುದುಗಿಸುತ್ತಾರೆ. ಮ್ಯೂನಿಕ್ ನಗರಸಭೆ ತನ್ನ ರಸ್ತೆಗಳಲ್ಲಿ ಅದಕ್ಕೆ ಒಪ್ಪಲಿಲ್ಲ. ಆ ಹೆಸರುಗಳು ಮತ್ತೆ ಕಾಲಡಿಗೆ ಬೀಳಬಾರದು ಎಂದು ಇಲ್ಲಿನ ಯಹೂದಿ ಸಮುದಾಯದ ಹಿರಿಯರೇ ಬೇಡವೆಂದಿದ್ದರು. ಈಗ ಗೋಡೆಗಳಲ್ಲಿ, ಕಂಬಗಳಲ್ಲಿ, ಕಣ್ಣಿನ ಎತ್ತರಕ್ಕೆ ಹೆಸರು ಹಾಕುತ್ತಾರೆ.

1943ರ ಫೆಬ್ರವರಿ 18ರಂದು ಆ ಗುಂಪಿನ ಹಾನ್ಸ್ ಮತ್ತು ಸೋಫಿ ಶೋಲ್, ಅಣ್ಣ ತಂಗಿ, ಈ ಕಟ್ಟಡದ ತರಗತಿಗಳ ಬಾಗಿಲಲ್ಲಿ ಕರಪತ್ರ ಇಟ್ಟರು. ಹೊರಗೆ ಹೊರಟವರು, ಪೆಟ್ಟಿಗೆಯಲ್ಲಿ ಇನ್ನೂ ಉಳಿದಿವೆ ಎಂದು ಮತ್ತೆ ಒಳಗೆ ಬಂದರು. ಮೇಲಿನ ಮಹಡಿಯಿಂದ ಸೋಫಿ ಒಂದು ಕಟ್ಟನ್ನು ಕೆಳಗಿನ ಅಂಗಳಕ್ಕೆ ತಳ್ಳಿದಳು. ಕಟ್ಟಡ ನೋಡಿಕೊಳ್ಳುವವನು ಕಂಡು ಹಿಡಿದ. ನಾಲ್ಕು ದಿನಕ್ಕೆ ವಿಚಾರಣೆ, ಅದೇ ದಿನ ಸಂಜೆ ಶಿರಚ್ಛೇದ. ಅವಳಿಗೆ 21, ಅಣ್ಣನಿಗೆ 24. ಅವರೊಂದಿಗೆ ಸತ್ತ ಕ್ರಿಸ್ಟೋಫ್ ಪ್ರೋಬ್ಸ್ಟ್‌ಗೆ ಮೂರು ಪುಟ್ಟ ಮಕ್ಕಳಿದ್ದರು. ಹಿಡಿದುಕೊಟ್ಟವನಿಗೆ 3,000 ಮಾರ್ಕ್ ಬಹುಮಾನ ಬಂತು. ಇದೇ ಆವರಣದಲ್ಲಿ ಸಭೆ ಸೇರಿದ ವಿದ್ಯಾರ್ಥಿಗಳು ಅವನಿಗೆ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ತಟ್ಟಿದ ಕೈಗಳ ನೆನಪಿಗೆ ಯಾವ ಕಲ್ಲನ್ನೂ ಯಾರೂ ಹಾಕಲಾರರು. ಅಣ್ಣ ತಂಗಿ ಇಬ್ಬರೂ ಹದಿಹರೆಯದಲ್ಲಿ ಹಿಟ್ಲರನ ಯುವಪಡೆಯಲ್ಲಿ ಉತ್ಸಾಹದಿಂದ ಇದ್ದವರು ಎಂಬುದನ್ನೂ ನಾನು ಮರೆಯಲಾರೆ. ಮನಸಾರೆ ಕೈ ಎತ್ತಿದವರೇ ಆ ಕೈಯನ್ನು ಇಳಿಸಿ ಬರೆಯತೊಡಗಿದರು.

ಅಲ್ಲಿಂದ ಕೂಗಳತೆಯಲ್ಲಿ ಗೇಯೋರ್ಗ್ ಎಲ್ಸರ್ ಹೆಸರಿನ ಒಂದು ಪುಟ್ಟ ಚೌಕ ಇದೆ. ಎಲ್ಸರ್ ಬಡಗಿ. ಮಾತು ಕಡಿಮೆ. ಯಾವ ಗುಂಪಿನ ಆಸರೆಯೂ ಇಲ್ಲದೆ ಹಿಟ್ಲರನನ್ನು ಕೊಲ್ಲಲು ಒಬ್ಬನೇ ನಿರ್ಧಾರ ಮಾಡಿದವನು. ಮೂವತ್ತಕ್ಕೂ ಹೆಚ್ಚು ರಾತ್ರಿ ಬ್ಯೂರ್ಗರ್‌ಬ್ರೊಯ್ ಬಿಯರ್ ಭವನದಲ್ಲಿ ಅಡಗಿ ಕುಳಿತು, ವೇದಿಕೆಯ ಹಿಂದಿನ ಕಂಬವನ್ನು ಕೊರೆದು, ಗಡಿಯಾರ ಕಟ್ಟಿದ ಬಾಂಬ್ ಇಟ್ಟ. ಅದು 1939ರ ನವೆಂಬರ್ 8ರ ರಾತ್ರಿ 9.20ಕ್ಕೆ ಸರಿಯಾಗಿ ಸಿಡಿಯಿತು. ಹಿಟ್ಲರ್ ಭಾಷಣ ಬೇಗ ಮುಗಿಸಿ 9.07ಕ್ಕೇ ಹೊರಟುಹೋಗಿದ್ದ. ಎಂಟು ಜನ ಸತ್ತರು. ಅವರಲ್ಲಿ ಒಬ್ಬಳು ಅಲ್ಲಿ ಬಡಿಸುವ ಕೆಲಸದವಳು. ಎಲ್ಸರ್‌ನನ್ನು ನೆನೆಯುವಾಗ ಅವಳನ್ನು ಬಿಟ್ಟು ನೆನೆಯಬಾರದು. ಅವನನ್ನು ಐದು ವರ್ಷ ಸೆರೆಯಲ್ಲಿಟ್ಟು, 1945ರ ಏಪ್ರಿಲ್ 9ರಂದು ಡಾಖೌದಲ್ಲಿ ಕೊಂದರು. ಇನ್ನಿಪ್ಪತ್ತು ದಿನಕ್ಕೆ ಅಮೆರಿಕದ ಸೈನ್ಯ ಆ ಶಿಬಿರದ ಬಾಗಿಲು ತೆರೆಯಿತು.

ಎಲ್ಸರ್ ಬಗ್ಗೆ ನನ್ನನ್ನು ಹಿಡಿದು ನಿಲ್ಲಿಸಿದ ವಿವರ ಬಾಂಬಿನದಲ್ಲ. ಅದಕ್ಕೆ ಬಹಳ ಮೊದಲೇ, ಅವನು ಸಲ್ಯೂಟ್ ಹೊಡೆಯಲು ಒಪ್ಪುತ್ತಿರಲಿಲ್ಲ, ರೇಡಿಯೋದಲ್ಲಿ ಹಿಟ್ಲರನ ಭಾಷಣ ಶುರುವಾದರೆ ಎದ್ದು ಹೊರಗೆ ಹೋಗುತ್ತಿದ್ದ. ಅಂದರೆ ಅವನದೂ ಮೊದಲು ಸಂದಿಯ ದಾರಿಯೇ. ಅವನಿಗೆ ಅದು ಸಾಕಾಗಲಿಲ್ಲ. ಸಾಕಾಗದೇ ಹೋದದ್ದು ಯಾವ ದಿನ, ಯಾವ ಗಳಿಗೆಯಲ್ಲಿ ಎಂದು ನಾನು ಬಹಳ ಯೋಚಿಸಿದ್ದೇನೆ.

ಅಪ್ಪನಿಗೆ ಅಂಥ ಗಳಿಗೆ ಬರಲಿಲ್ಲ. ಎರಡು ವರ್ಷ ಕಳೆದು ಬಹಿಷ್ಕಾರ ತಾನಾಗಿ ಸಡಿಲವಾಯಿತು. ಗಿರಣಿ ಮತ್ತೆ ಸದ್ದು ಮಾಡಿತು. ಅಪ್ಪ ರಾಗಿ ಡಬ್ಬವನ್ನು ಬೇರೆ ಯಾರ ಕೈಯಲ್ಲೂ ಕಳಿಸದೆ ತಾವೇ ಒಯ್ಯುತ್ತಿದ್ದರು. ನೋಟು ಕೊಟ್ಟರೆ ಚಿಲ್ಲರೆಗೆ ಕೈ ಚಾಚುತ್ತಿರಲಿಲ್ಲ. ಗಿರಣಿಯವನು ಪ್ರತಿ ಸಲವೂ ಲೆಕ್ಕ ಮಾಡಿ ಚಿಲ್ಲರೆಯನ್ನು ಡಬ್ಬದ ಮುಚ್ಚಳದ ಮೇಲೆ ಇಡುತ್ತಿದ್ದ. ಅಪ್ಪ ಅದನ್ನು ಅಲ್ಲೇ ತೂಕದ ಕಲ್ಲಿನ ಪಕ್ಕ ಇಟ್ಟು ಡಬ್ಬ ಎತ್ತಿಕೊಳ್ಳುತ್ತಿದ್ದರು. ಕೊನೆಯವರೆಗೂ ಅವರಿಬ್ಬರು ಆ ಎರಡು ವರ್ಷದ ಮಾತೆತ್ತಿದ್ದನ್ನು ನಾನು ಕೇಳಿಲ್ಲ.

ಎಲ್ಸರ್ ಚೌಕದಲ್ಲಿ, ಶಾಲೆಯೊಂದರ ಗೋಡೆಯ ಮೇಲೆ ನಿಯಾನ್ ಕೊಳವೆಗಳನ್ನು ಜೋಡಿಸಿದ್ದಾರೆ. ಪ್ರತಿ ರಾತ್ರಿ 9.20ಕ್ಕೆ ಒಂದು ನಿಮಿಷ ಅವು ಕೆಂಪಗೆ ಹೊತ್ತಿಕೊಳ್ಳುತ್ತವೆ. ಊರು ಬಿಡುವ ಹಿಂದಿನ ದಿನ ಮಗಳ ಜೊತೆ ಅಲ್ಲಿಗೆ ಹೋದೆ. 9.07ಕ್ಕೇ ತಲುಪಬೇಕು ಎಂದು ನಾನು ಅವಸರ ಮಾಡಿದ್ದು ಅವಳಿಗೆ ಅರ್ಥವಾಗಲಿಲ್ಲ. ಹದಿಮೂರು ನಿಮಿಷ ಕಾದೆವು. ಸೈಕಲ್ಲುಗಳು ಹೋದವು, ಪಕ್ಕದ ಹೋಟೆಲಿನಲ್ಲಿ ತಟ್ಟೆ ಎತ್ತುತ್ತಿದ್ದರು. ಹದಿಮೂರು ನಿಮಿಷ ಎಷ್ಟು ಉದ್ದ ಎಂದು ಸುಮ್ಮನೆ ನಿಂತವರಿಗೇ ಗೊತ್ತು. ದೀಪ ಹೊತ್ತಿತು. ಅವಳ ಮುಖದ ಮೇಲೆ ಕೆಂಪು ಬಿತ್ತು. ಆರಿತು.

ಯಾಕಮ್ಮ ಅಷ್ಟು ಬೇಗ ಬಂದದ್ದು ಎಂದು ಕೇಳಿದಳು. ಗಿರಣಿಯವನ ಕಪ್ಪು ಕೂದಲಿನ ವಿಷಯವನ್ನು ನಾನು ಅವಳಿಗೆ ಹೇಳಿದ್ದು ಅಲ್ಲಿ, ಆ ಕತ್ತಲೆಯಲ್ಲಿ, ಮೊದಲ ಸಲ.